ಶಹಾಪೂರ ಅಗಸಿಯ ಹೆರಿಗೆ ಮನೆ

ಬಬಲೇಶ್ವರದ ಮುರಿಗೆವ್ವನ ಹಿರಿಯ ಮಗಳು ಶಂಕ್ರೆವ್ವ ಸತ್ತದ್ದು ಹೆರುವಾಗಲ್ಲ, ಹೆತ್ತ ಮೇಲೆ. ಕೂಸು ಚೆನ್ನಾಗಿತ್ತು. ತಾಯಿಯೂ ಎದ್ದು ಕೂತು ಸಜ್ಜಕ ಉಂಡಿದ್ದಳು. ಆಮೇಲೆ ಒಂದು ಮಧ್ಯಾಹ್ನ ಅವಳ ಮೈ ನಡುಗತೊಡಗಿತು. ಕೌದಿಯ ಮೇಲೆ ಕೌದಿ ಹೊದಿಸಿದರೂ ಹಲ್ಲು ಕಟಕಟಿಸುವುದು ನಿಲ್ಲಲಿಲ್ಲ. ಊರವರು ಸನ್ನಿ ಎಂದರು, ಗಾಳಿ ಎಂದರು. ತಾಯಿತ ಕಟ್ಟಿಸಿದ್ದಾಯಿತು, ಬೇವಿನ ತಪ್ಪಲಿನಿಂದ ನಿವಾಳಿಸಿದ್ದಾಯಿತು. ಶಂಕ್ರೆವ್ವ ಹೆತ್ತ ತಾಯಿಯ ಗುರುತೂ ಹಿಡಿಯದೆ ಹೋದಳು. ಕೂಸನ್ನು ಅವಳ ಅತ್ತೆ ಒಯ್ದಳು.

ಆದ್ದರಿಂದ ಕಿರಿಯ ಮಗಳು ರುದ್ರವ್ವ ಬಸಿರಾದ ಸುದ್ದಿ ಟಿಕೋಟಾದಿಂದ ಬಂದಾಗ ಮುರಿಗೆವ್ವನಿಗೆ ಸಂತೋಷವಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಚೊಚ್ಚಲ ಹೆರಿಗೆ ತವರಿನದು. ಹೆಚ್ಚುಕಡಿಮೆಯಾದರೆ ತವರೇ ಉತ್ತರ ಹೇಳಬೇಕು.

ಅಳಿಯ ಅಮರಪ್ಪ ಟಿಕೋಟಾದ ಸಾಲೆಯಲ್ಲಿ ಮಾಸ್ತರ. ಬಸುರಿಗೆ ಮಾಡುವ ಕುಬಸದ ಕಾರ್ಯ ಮುಗಿದ ಮೇಲೆ ಅವನೇ ಬಬಲೇಶ್ವರಕ್ಕೆ ಬಂದು, ಚಹಾದ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತ ಮಾತು ತೆಗೆದ.

"ಅತ್ತಿ, ತಪ್ಪ ತಿಳೀಬ್ಯಾಡ್ರಿ. ಈ ಹೆರಿಗಿ ಮನ್ಯಾಗ ಬ್ಯಾಡ. ವಿಜಾಪುರದಾಗ ಪ್ರಲ್ಹಾದರಾವ ಡಾಕ್ಟರು ಹೆರಿಗಿ ಮನಿ ತಗದಾರ. ಅಲ್ಲೇ ಇಡೂಣು."

ಶಂಕ್ರೆವ್ವನ ಹೆಸರನ್ನು ಅವನು ಎತ್ತಲಿಲ್ಲ. ಎತ್ತದಿದ್ದರೂ ಅದು ಇಬ್ಬರ ನಡುವೆ ಬಂದು ಕೂತಿತು. ಮುರಿಗೆವ್ವನಿಗೆ ಸಿಟ್ಟು ಬಂತು. ಅದರ ಹಿಂದೆಯೇ, ತಲೆಯ ಮೇಲಿನ ಹೊರೆಯನ್ನು ಬೇರೊಬ್ಬರು ಇಳಿಸಿಕೊಂಡಂತೆ ಹಗುರವೂ ಆಯಿತು.

"ನಾ ಮೊದಲ ಕಣ್ಲೆ ನೋಡಿ ಬರ್ತೀನಿ. ನೋಡದ ನನ್ನ ಮಗಳನ್ನ ಎಲ್ಲೀಗೂ ಕಳಸಂಗಿಲ್ಲ" ಎಂದಳು.

ನೋಡಲು ಹೋದಳು ಕೂಡ. ಹೆರಿಗೆ ಮನೆ ಶಹಾಪೂರ ಅಗಸಿ ಎಂಬ ಕೋಟೆಬಾಗಿಲಿನ ಒಳಗಿತ್ತು. ಹಳೆಯ ವಾಡೆಯೊಂದಕ್ಕೆ ಸುಣ್ಣ ಹೊಡೆದು ಮಾಡಿದ್ದು. ಪ್ರಲ್ಹಾದರಾವ ಡಾಕ್ಟರು ಕರಿ ಟೊಪ್ಪಿಗೆಯ ತೆಳ್ಳಗಿನ ಮನುಷ್ಯ. ಹಳ್ಳಿಯ ಹೆಂಗಸೊಬ್ಬಳು ಪರೀಕ್ಷೆ ಮಾಡಲು ಬಂದಿದ್ದಾಳೆಂದು ನಗದೆ, ತಾವೇ ಮುಂದೆ ನಿಂತು ಎಲ್ಲವನ್ನೂ ತೋರಿಸಿದರು. ಮುರಿಗೆವ್ವ ಹಾಸಿಗೆಯ ಚಾದರ ಎತ್ತಿ ಮೂಸಿದಳು. ಮಂಚದ ಕೆಳಗೆ ಬಾಗಿ ನೋಡಿದಳು. ಅಡಿಗೆಮನೆಯಲ್ಲಿ ಭೂತನಾಳ ಕೆರೆಯಿಂದ ಬರುವ ನಳದ ನೀರು ದೊಡ್ಡ ತಾಮ್ರದ ಹಂಡೆಯಲ್ಲಿ ಕುದಿಯುತ್ತಿತ್ತು. ಮುಚ್ಚಳ ಸರಿಸಿ ಅದನ್ನೂ ನೋಡಿದಳು. ನೆಲವೆಲ್ಲ ಫಿನಾಯಿಲ್ ವಾಸನೆ.

ನರ್ಸಬಾಯಿ ಸಖೂಬಾಯಿ ಬಿಳಿ ಸೀರೆಯ ದೊಡ್ಡ ಆಳು. ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಎಮ್ಮಿ ಕೊಳ್ಳಾಕ ಬಂದವರಂಗ ನೋಡಾಕತ್ತೀರಲ್ರಿ ಅವ್ವಾರ! ಹಲ್ಲ ಎಣಸೂದೊಂದ ಬಾಕಿ ನೋಡ್ರಿ."

ಮುರಿಗೆವ್ವನೂ ನಕ್ಕಳು. ಹೊರಡುವಾಗ ಬಾಗಿಲಲ್ಲಿ ನಿಂತು ಡಾಕ್ಟರರನ್ನು ಕೇಳಿದಳು. "ಇಲ್ಲಿ ಬಾಣಂತ್ಯಾರು ಸತ್ತಾರೇನ್ರಿ?"

ಡಾಕ್ಟರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. "ಒಬ್ಬಾಕಿ ಸತ್ತಾಳ್ರಿ. ಕೂಸು ಅಡ್ಡ ಇತ್ತು, ಭಾಳ ತಡಾ ಮಾಡಿ ಕರಕೊಂಡು ಬಂದಿದ್ರು. ಉಳಸಲಿಕ್ಕೆ ಆಗಲಿಲ್ಲ."

ಈ ಮಾತೇ ಮುರಿಗೆವ್ವನ ಮನಸ್ಸು ಗಟ್ಟಿ ಮಾಡಿತು. ಇದ್ದದ್ದನ್ನು ಇದ್ದಹಾಗೆ ಹೇಳುವ ಮನುಷ್ಯನ ಕೈಗೆ ಮಗಳನ್ನು ಕೊಡಬಹುದು ಎಂದುಕೊಂಡಳು.

ದಿನ ತುಂಬಿದಾಗ ರುದ್ರವ್ವನನ್ನು ಚಕ್ಕಡಿಯಲ್ಲಿ ಹುಲ್ಲು ಹಾಸಿ ಕರೆತಂದರು. ಅಮರಪ್ಪ ಹೆಂಡತಿಯನ್ನೂ ಅತ್ತೆಯನ್ನೂ ಬಿಟ್ಟು, ಸಾಲೆ ಇದೆಯೆಂದು ಟಿಕೋಟಾಕ್ಕೆ ತಿರುಗಿ ಹೋದ.

ಒಳಗೆ ಮೂರು ಮಂಚಗಳಿದ್ದವು. ಒಂದು ರುದ್ರವ್ವನಿಗೆ. ಇನ್ನೊಂದರಲ್ಲಿ ಅಬೇದಾ ಎಂಬ ಎಳೆಯ ಬಾಣಂತಿ. ಅವಳ ಗಂಡ ಗುಡುಸಾಬ ಸ್ಟೇಶನ್ನಿಗೆ ಟಾಂಗಾ ಹೊಡೆಯುವವನು. ಗಂಡುಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಅಬೇದಾ ಬಂದವರೊಡನೆಲ್ಲ ಮಾತಾಡುತ್ತಿದ್ದಳು. ಮೂರನೆಯ ಮಂಚದ ಮೇಲೆ ಹಾಸಿಗೆ ಇರಲಿಲ್ಲ. ಬರೀ ಹಲಗೆ, ಅದೂ ತೊಳೆದು ಬಿಳಚಿತ್ತು.

"ಇದರ ಮ್ಯಾಲ ಯಾರೂ ಇಲ್ಲೇನಬೇ?" ಎಂದು ಮುರಿಗೆವ್ವ ಕೇಳಿದಳು.

ಅಬೇದಾ ದನಿ ಇಳಿಸಿದಳು. "ಅರಕೇರಿ ಆಕಿ ಇದ್ಲ್ರಿ. ಚಲೋನ ಹಡದಿದ್ಲಂತ. ಆಮ್ಯಾಲ ಚಳಿಜ್ವರ ಬಂತು. ನಾ ಬಂದ ದಿನಾನ ಹೋದ್ಲು."

"ಹೋದ್ಲಂದ್ರ ಮನೀಗೇನ?"

"ಇಲ್ರಿ."

ಮುರಿಗೆವ್ವ ಮಗಳಿಗೆ ಕೇಳಿಸಿತೇನೋ ಎಂದು ತಿರುಗಿ ನೋಡಿದಳು. ರುದ್ರವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣು ಮಾತ್ರ ತೆರೆದೇ ಇತ್ತು.

ಮುರಿಗೆವ್ವ ನೆಟ್ಟಗೆ ಡಾಕ್ಟರರ ಕೋಣೆಗೆ ಹೋದಳು. ಅವರ ಗಡ್ಡ ಬೆಳೆದಿತ್ತು, ಕಣ್ಣು ಒಳಹೋಗಿದ್ದವು.

"ಅರಕೇರಿ ಹೆಣ್ಮಗಳು ಹೆಂಗ ಸತ್ತಳ್ರಿ?"

"ಬಾಣಂತಿ ಜ್ವರ" ಎಂದರು ಡಾಕ್ಟರು. "ಎಲ್ಲಿಂದ ಬಂತು, ನನಗ ತಿಳೀವಲ್ದು. ಹಾಸಿಗಿ ಸುಡಿಸೀನಿ. ಗ್ವಾಡಿಗೆ ಮತ್ತ ಸುಣ್ಣಾ ಹೊಡಿಸೀನಿ. ಯುದ್ಧದಾಗ ರಬ್ಬರಿನ ಸೀಮಿ ಮಲಾಯಾ ಜಪಾನದವರ ಕೈಯಾಗ ಹೋದಾಗಿಂದ ಕೈಗೆ ಹಾಕ್ಕೊಳ್ಳೋ ರಬ್ಬರಿನ ಚೀಲಾನೂ ಸಿಗಲಿಕ್ಕೆ ಇಲ್ಲ. ನೀವು ಬ್ಯಾರೆ ಕಡೆ ಕರಕೊಂಡು ಹೋಗ್ತೀನಂದ್ರ ನಾ ಬ್ಯಾಡ ಅನ್ನೂದಿಲ್ಲ ನೋಡ್ರಿ."

ಹಿಂದೆ ಧೈರ್ಯ ಕೊಟ್ಟ ಅದೇ ನಿಜದ ಮಾತು ಈಗ ಅಂಜಿಸಿತು. ಮನೆಯ ಯಜಮಾನನಿಗೇ ತಿಳಿಯದೆ ಒಳಗೆ ಓಡಾಡುತ್ತಿರುವುದಾದರೂ ಏನು? ಮುರಿಗೆವ್ವ ಮತ್ತೆ ಎಲ್ಲವನ್ನೂ ನೋಡಿದಳು. ಹಂಡೆ ಕುದಿಯುತ್ತಿತ್ತು, ಚಾದರ ಬಿಳಿಯಾಗಿತ್ತು, ಮೂಲೆಯಲ್ಲಿ ಜೇಡರಬಲೆ ಕೂಡ ಇರಲಿಲ್ಲ. ಹೊಲಸು ಕಂಡಿದ್ದರೆ ಅವಳಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಮರುದಿನ ಚಕ್ಕಡಿ ತರಿಸಿ ಸರಕಾರಿ ದವಾಖಾನೆಗೆ ಒಯ್ಯಬೇಕೆಂದು ಅವಳು ನಿಶ್ಚಯಿಸಿದಳು. ಆದರೆ ಮರುದಿನ ಊಟದ ಹೊತ್ತಿಗಿಂತ ಮುಂಚೆಯೇ ರುದ್ರವ್ವನಿಗೆ ನೀರು ಹೋಯಿತು, ಬೇನೆ ಎದ್ದಿತು. ಅದೇ ಹೊತ್ತಿನಲ್ಲಿ ಪಕ್ಕದ ಮಂಚದಿಂದ ಸದ್ದು ಬಂತು. ಅಬೇದಾ ಮಾತು ನಿಲ್ಲಿಸಿ ಚಾದರ ಎಳೆದುಕೊಳ್ಳುತ್ತಿದ್ದಳು.

"ಅವ್ವಾರ, ಕಿಡಕಿ ಮುಚ್ಚರಿ... ಭಾಳ ಚಳಿ ಐತಿ."

ಹೊರಗೆ ಬಿಸಿಲು ಉರಿಯುತ್ತಿತ್ತು. ಅಬೇದಾಳ ಹಲ್ಲು ಕಟಕಟಿಸುತ್ತಿದ್ದವು. ಮುರಿಗೆವ್ವನಿಗೆ ಆ ಸದ್ದು ಗೊತ್ತಿತ್ತು. ತಾನು ಹಾಸಿಕೊಂಡಿದ್ದ ಕೌದಿಯನ್ನೇ ತಂದು ಆ ಹುಡುಗಿಗೆ ಹೊದಿಸಿದಳು.

ಅಷ್ಟರಲ್ಲಿ ಸಖೂಬಾಯಿ ಬಂದಳು. "ಸರೀರಿ ಅವ್ವಾರ, ಗರ್ಭದ ಬಾಯಿ ಎಷ್ಟ ಬಿಟ್ಟೈತಿ ನೋಡ್ತೀನಿ" ಎನ್ನುತ್ತ ಕೈ ತೊಳೆಯಲು ಬೋಗುಣಿಯ ಹತ್ತಿರ ಬಾಗಿದಳು. ಬಲಗೈಯನ್ನು ಸೆರಗಿನಿಂದ ಹೊರತೆಗೆದು, ತೋರುಬೆರಳಿಗೆ ಸುತ್ತಿದ್ದ ಅರಿವೆಯನ್ನು ಹಲ್ಲಿನಿಂದ ಬಿಚ್ಚಿದಳು. ಬಿಚ್ಚುವಾಗ ಮುಖ ಕಿವುಚಿದಳು. ಬೆರಳು ಬದನೆಕಾಯಿಯಂತೆ ಊದಿ ಹೊಳೆಯುತ್ತಿತ್ತು. ಉಗುರಿನ ಸುತ್ತ ಹಳದಿ ಕೀವು.

ಮುರಿಗೆವ್ವ ಮಂಚಕ್ಕೂ ಅವಳಿಗೂ ನಡುವೆ ಬಂದು ನಿಂತಳು.

"ಆ ಕೈ ನನ್ನ ಮಗಳಿಗೆ ಹಚ್ಚಬ್ಯಾಡ."

"ಉಗುರುಸುತ್ತು ಅದು ಅವ್ವಾರ. ಔಷಧದ ನೀರಾಗ ಅದ್ದೇ ಮುಟ್ಟತೀನಿ. ಸರೀರಿ, ಹೊತ್ತ ಮೀರತೈತಿ."

"ಹಚ್ಚಬ್ಯಾಡ ಅಂದ್ನಿ."

ತಾನು ಹೇಳುತ್ತಿರುವುದು ಖರೆಯೋ ಸುಳ್ಳೋ ಮುರಿಗೆವ್ವನಿಗೇ ತಿಳಿದಿರಲಿಲ್ಲ. ಬಬಲೇಶ್ವರದಲ್ಲಿ ಶಂಕ್ರೆವ್ವನ ಹೆರಿಗೆ ಮಾಡಿದ ಸೂಲಗಿತ್ತಿ ಮಾಳವ್ವನ ಕೈ ಹೇಗಿದ್ದವು? ನೆನಪು ಮಾಡಿಕೊಳ್ಳಲು ಹವಣಿಸಿದಳು. ಮಾಳವ್ವನ ಮುಖ ನೆನಪಾಯಿತು, ಕುಂಕುಮ ನೆನಪಾಯಿತು. ಕೈಗಳು ಮಾತ್ರ ನೆನಪಾಗಲಿಲ್ಲ. ಆಗ ಅವನ್ನು ಅವಳು ನೋಡಿಯೇ ಇರಲಿಲ್ಲ. ಹಿಂದಿನಿಂದ ರುದ್ರವ್ವ ನರಳಿ ತಾಯಿಯ ಸೀರೆಯನ್ನು ಹಿಡಿದೆಳೆದಳು.

"ಅಡ್ಡ ನಿಂತು ಕೂಸಿಗೆ ಏನರ ಆದ್ರ ನೀವ ಜವಾಬ್ದಾರ" ಎಂದಳು ಸಖೂಬಾಯಿ. ಆಮೇಲೆ ದನಿ ತಗ್ಗಿಸಿ ಬೇಡಿಕೊಂಡಳು. "ಡಾಕ್ಟರಿಗೆ ಹೇಳಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ. ಇದೊಂದು ಹೆರಿಗಿ ಮುಗೀಲಿ, ನಾನ ಹೇಳ್ತೀನಿ."

ಮುರಿಗೆವ್ವ ಬಾಗಿಲಿನತ್ತ ಮುಖ ಮಾಡಿ ವಾಡೆಯೆಲ್ಲ ಕೇಳುವಂತೆ ಕೂಗಿದಳು. "ಡಾಕ್ಟರ್ರೇ! ಇಲ್ಲಿ ಬರ್ರಿ! ಲಗೂ ಬರ್ರಿ!"

ಹೆಂಗಸರ ಕೋಣೆಗೆ ಪ್ರಲ್ಹಾದರಾಯರು ಸುಮ್ಮಸುಮ್ಮನೆ ಬರುತ್ತಿರಲಿಲ್ಲ. ಹೆರಿಗೆ ಬಿಗಡಾಯಿಸಿದಾಗ ಮಾತ್ರ ಬರುವುದು, ಉಳಿದದ್ದೆಲ್ಲ ನರ್ಸಬಾಯಿಯದೇ. ಓಡಿ ಬಂದವರು ಬಾಗಿಲಲ್ಲೇ ನಿಂತರು. ಮುರಿಗೆವ್ವ ಸಖೂಬಾಯಿಯ ಮುಂಗೈ ಹಿಡಿದು ಎತ್ತಿ ತೋರಿಸಿದಳು. ಸಖೂಬಾಯಿ ಕೊಸರಲಿಲ್ಲ.

ಡಾಕ್ಟರು ಆ ಬೆರಳನ್ನು ನೋಡಿದರು. ಅಬೇದಾಳನ್ನು ನೋಡಿದರು. ಖಾಲಿ ಮಂಚವನ್ನು ನೋಡಿದರು.

"ಯಾವಾಗಿಂದ?" ಎಂದರು.

ಸಖೂಬಾಯಿ ನೆಲ ನೋಡಿದಳು. "ಅರಕೇರಿ ಆಕಿ ಬರೋಕಿಂತ ಮೊದಲಿಂದ ಅದರೀ. ಕಮ್ಮಿ ಆಗತೈತಿ ಅನ್ಕೊಂಡಿದ್ದೆ... ನೀವು ಮನೀಗೆ ಕಳಸ್ತೀರಂತ ಅಂಜಿದೆ. ಖರೇನ ಹೇಳ್ತೀನ್ರಿ ಸಾಹೇಬ್ರ, ಇದರಿಂದ ಆಗತೈತಿ ಅಂತ ನನ್ನ ಮನಸ್ಸಿಗೆ ಬರಲಿಲ್ಲ."

"ಹೊರಗ ಹೋಗಿ ಕೂಡ್ರು. ಏನೂ ಮುಟ್ಟಬ್ಯಾಡ" ಎಂದರು ಡಾಕ್ಟರು. ಅಂಗಳದಲ್ಲಿದ್ದ ಗುಡುಸಾಬನನ್ನು ಕರೆದು, ಚೀಟಿ ಬರೆದುಕೊಟ್ಟು ಸರಕಾರಿ ದವಾಖಾನೆಗೆ ಓಡಿಸಿದರು. ಈ ಜ್ವರಕ್ಕೆ ಹೊಸ ಗುಳಿಗೆ ಬಂದಿತ್ತು. ಯುದ್ಧದ ದಿನ, ಅಲ್ಲಿ ಇದ್ದರೆ ಉಂಟು, ಇಲ್ಲವಾದರೆ ಇಲ್ಲ.

ಆಮೇಲೆ ಮುರಿಗೆವ್ವನ ಕಡೆ ತಿರುಗಿದರು. "ಈಗ ಎತ್ತಿ ಒಯ್ಯಲಿಕ್ಕೆ ಹೊತ್ತಿಲ್ರಿ. ಮಾಡಿದ್ರ ನಾನ ಮಾಡಬೇಕು. ನೀವು ಹೂಂ ಅನ್ನಬೇಕು."

ರುದ್ರವ್ವ ಆ ಬೇನೆಯಲ್ಲೂ ಎದ್ದು ಕೂರಲು ನೋಡಿದಳು. "ಯವ್ವಾ, ಗಂಡಸು ಬ್ಯಾಡಬೇ! ಅತ್ತಿ ಮನ್ಯಾಗ ಗೊತ್ತಾದ್ರ ನನ್ನ ಇಟಗೋತಾರೇನು?"

ಟಿಕೋಟಾದ ಬೀಗಿತಿಯ ಮುಖ ಮುರಿಗೆವ್ವನ ಕಣ್ಣ ಮುಂದೆ ಬಂತು. ಓಣಿಯ ಬಾಯಿಗಳೆಲ್ಲ ಬಂದವು. ಅಬೇದಾಳ ಹಲ್ಲಿನ ಸದ್ದು ಇನ್ನೂ ನಿಂತಿರಲಿಲ್ಲ.

"ಹೂಂ ಅಂದ್ನಿ ನೋಡ್ರಿ" ಎಂದಳು. "ನಿಮ್ಮ ಕೈ ಮೊದಲ ನನಗ ತೋರಸ್ರಿ."

ಡಾಕ್ಟರು ಟೊಪ್ಪಿಗೆ, ಕೋಟು ತೆಗೆದಿಟ್ಟು, ಅಂಗಿಯ ತೋಳು ಮೇಲೇರಿಸಿ ಎರಡೂ ಕೈ ಚಾಚಿದರು. ಅವಳು ಅಂಗೈ ಮುಂಗೈ ತಿರುಗಿಸಿ, ಒಂದೊಂದು ಉಗುರನ್ನೂ ನೋಡಿದಳು. ಅವರು ಕೈ ತೊಳೆಯುತ್ತಲೇ ಇದ್ದರು. ಚರ್ಮ ಕೆಂಪಾಗುವ ತನಕ ತಿಕ್ಕಿದರು. ಮುರಿಗೆವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳ ಕಣ್ಣನ್ನು ಅಂಗೈಯಿಂದ ಮುಚ್ಚಿದಳು. "ಯಾರೂ ಇಲ್ಲವ್ವಾ, ನಾನ ಇದ್ದೀನಿ. ನಾನ ಇದ್ದೀನಿ" ಎನ್ನುತ್ತಲೇ ಇದ್ದಳು.

ದೀಪ ಹಚ್ಚುವ ಮೊದಲು ಹೆಣ್ಣುಕೂಸು ಹುಟ್ಟಿತು.

ಅಂಜಿಕೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಶಂಕ್ರೆವ್ವನಿಗೆ ಜ್ವರ ಬಂದದ್ದು ಹೆತ್ತ ಮೇಲೆಯೇ. ಮುರಿಗೆವ್ವ ಮಗಳ ಮಂಚ ಬಿಟ್ಟು ಏಳಲಿಲ್ಲ. ಹಣೆ, ಕುತ್ತಿಗೆ, ಅಂಗಾಲು ಮುಟ್ಟಿ ನೋಡುವಳು. ತನ್ನ ಕೈಯೇ ಬಿಸಿಯಾಗಿದೆಯೇನೋ ಎಂಬ ಸಂಶಯದಿಂದ ತಣ್ಣೀರಿನಲ್ಲಿ ಅದ್ದಿ ಮತ್ತೆ ಮುಟ್ಟುವಳು. ರುದ್ರವ್ವ ರೇಗಿದಳು. "ಎಷ್ಟ ಸರೆ ಮುಟ್ಟತೀಬೇ? ಮಕ್ಕೊಳ್ಳಾಕ ಬಿಡು."

ಪಕ್ಕದಲ್ಲಿ ಅಬೇದಾ ಬಡಬಡಿಸುತ್ತಿದ್ದಳು. ಗುಡುಸಾಬ ತಂದ ಗುಳಿಗೆಗಳು ಸ್ವಲ್ಪವೇ ಇದ್ದವು. ಡಾಕ್ಟರು ಅವನ್ನು ಅರೆದು ನೀರಿನಲ್ಲಿ ಕದಡಿ ಕುಡಿಸುತ್ತಿದ್ದರು. ಮಂಚಗಳ ನಡುವೆ ಸೀರೆಯೊಂದನ್ನು ಪರದೆಯಂತೆ ಕಟ್ಟಿಸಿ, "ಅತ್ತಾಗ ಹೋದವರು ಇತ್ತಾಗ ಬರಬಾರದು" ಎಂದು ಕಟ್ಟಪ್ಪಣೆ ಮಾಡಿದ್ದರು. ಪರದೆಯಾಚೆ ಆ ಹುಡುಗಿ "ಅಮ್ಮೀ" ಎಂದು ಕರೆದಾಗಲೆಲ್ಲ ಮುರಿಗೆವ್ವ ಎದ್ದು ನಿಲ್ಲುತ್ತಿದ್ದಳು. ಹೋದರೆ ಆ ಜ್ವರವನ್ನು ತಾನೇ ಮಗಳಿಗೆ ಹೊತ್ತು ತಂದೇನೆಂದು ಮತ್ತೆ ಕೂರುತ್ತಿದ್ದಳು. ಕೂತಿದ್ದಕ್ಕೆ ನಾಚಿಕೆಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಒಂದು ಮುಂಜಾನೆ ರುದ್ರವ್ವನ ಮೈ ಬೆಚ್ಚಗಾಯಿತು. ಸಣ್ಣಗೆ ನಡುಕವೂ ಬಂತು. ಮುರಿಗೆವ್ವ ಕಿರುಚಿದ್ದು ರಸ್ತೆಗೂ ಕೇಳಿಸಿತು. ಡಾಕ್ಟರು ಕೈ ತಿಕ್ಕಿ ತೊಳೆದು ಬಂದು ಮಗಳ ಬಾಯಿಗೆ ಮೈಕಾವು ನೋಡುವ ಗಾಜಿನ ನಳಿಗೆ ಇಟ್ಟರು. ನಳಿಗೆಯನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದರು.

"ಎದಿ ಬಿಗದದೇನವ್ವಾ?" ಎಂದು ಕೇಳಿದರು.

"ಕಲ್ಲಾದಂಗ ಆಗ್ಯಾವ್ರಿ" ಎಂದಳು ರುದ್ರವ್ವ ಮುಖ ತಿರುಗಿಸಿ.

"ಹಾಲು ಇಳೀಲಿಕ್ಕೆ ಹತ್ಯಾವ. ಅದರ ಕಾವು ಇದು. ಕೂಸಿಗೆ ಹಚ್ರಿ" ಎಂದ ಡಾಕ್ಟರು ಗೋಡೆಗೆ ಒರಗಿ ನಿಂತರು. ಕೂಸು ಕುಡಿಯಿತು. ಮಧ್ಯಾಹ್ನದ ಹೊತ್ತಿಗೆ ಮೈ ತಣ್ಣಗಾಯಿತು. ಅಲ್ಲಿಯವರೆಗೆ ಮುರಿಗೆವ್ವನ ಬಾಯಿಗೆ ಒಂದು ಗುಟುಕು ನೀರೂ ಹೋಗಿರಲಿಲ್ಲ.

ಅಬೇದಾಳ ಜ್ವರ ಬಹಳ ದಿನ ಕಾಡಿಸಿ ಇಳಿಯಿತು. ಇಳಿದಾಗ ಅವಳ ಕೂದಲು ಉದುರಿ, ಕೈಕಾಲು ಕಡ್ಡಿಯಾಗಿದ್ದವು. ಗುಡುಸಾಬ ಅವಳನ್ನು ಕೂಸಿನಂತೆ ಎತ್ತಿಕೊಂಡು ಟಾಂಗಾದಲ್ಲಿ ಕೂರಿಸಿ, ಮಗನನ್ನು ಅವಳ ಮಡಿಲಿಗೆ ಕೊಟ್ಟ. ಸಖೂಬಾಯಿ ಸರಕಾರಿ ದವಾಖಾನೆಯಲ್ಲಿ ಬೆರಳು ಕೊಯ್ಯಿಸಿಕೊಂಡಳು ಎಂಬ ಸುದ್ದಿ ಬಂತು. ಆಮೇಲೆ ಮೀರಜದ ಕಡೆ ಅಣ್ಣನ ಮನೆಗೆ ಹೋದಳಂತೆ.

ರುದ್ರವ್ವನನ್ನು ಒಯ್ಯಲು ಅಮರಪ್ಪ ಚಕ್ಕಡಿ ತಂದ ದಿನ ಡಾಕ್ಟರು ಬೆಳಿಗ್ಗೆಯೇ ಎಲ್ಲಿಗೋ ಹೋಗಿದ್ದರು. ಹೇಳದೆ ಹೊರಡುವುದು ಬೇಡವೆಂದು ಮುರಿಗೆವ್ವ ಕಾದಳು. ಮೂರು ಮಂಚಗಳೂ ಖಾಲಿಯಾಗಿದ್ದವು. ಬಿಸಿಲು ಇಳಿದ ಮೇಲೆ ಅವರು ಧೂಳು ಮೆತ್ತಿದ ಕಾಲಿನಲ್ಲಿ ಬಂದು ಕಟ್ಟೆಯ ಮೇಲೆ ಕೂತರು.

"ಅರಕೇರಿಗೆ ಹೋಗಿದ್ದೆ" ಎಂದರು. "ಆಕಿ ಅವ್ವಗ ಹೇಳಬೇಕಾಗಿತ್ತು. ದೇವರ ಇಚ್ಛಾ ಅಲ್ಲ, ನನ್ನ ಮನ್ಯಾಗ ಆದ ತಪ್ಪು ಅಂತ. ಬಡೀತಾರ ಅಂತ ಅಂಜಿಕೊಂಡು ಹೋದೆ."

"ಏನಂದ್ರು?"

"ಗಂಡಸರು ಒದರ್ಯಾಡಿದ್ರು. ಆಕಿ ಅವ್ವ ಏನೂ ಅನ್ನಲಿಲ್ಲ. ಎಲ್ಲಾ ಮುಗದ ಮ್ಯಾಲ, ಬಿಸಲಾಗ ಬಂದೀರಿ, ನೀರು ಕುಡೀತೀರೇನು ಅಂದಳು."

ಪ್ರಲ್ಹಾದರಾಯರು ಮುಖ ಆಚೆ ತಿರುಗಿಸಿದರು. ಸತ್ತ ಆ ಅರಕೇರಿಯ ಬಾಣಂತಿಯ ಹೆಸರನ್ನೂ ಮುರಿಗೆವ್ವ ಇಲ್ಲಿಯವರೆಗೆ ಕೇಳಿರಲಿಲ್ಲ. ಕೇಳಿದಳು. "ಆಕಿ ಹೆಸರೂ ರುದ್ರವ್ವ" ಎಂದರು ಡಾಕ್ಟರು.

ಮುರಿಗೆವ್ವ ಎದ್ದು ಚಕ್ಕಡಿ ಹತ್ತಿ, ಮಗಳ ತೊಡೆಯಿಂದ ಮೊಮ್ಮಗಳನ್ನು ಎತ್ತಿಕೊಂಡಳು. ಎತ್ತುಗಳು ಬಬಲೇಶ್ವರದ ದಾರಿ ಹಿಡಿದವು. ದಾರಿಯುದ್ದಕ್ಕೂ ಅವಳು ಒಮ್ಮೆ ಮಗಳ ಹಣೆಯನ್ನೂ ಒಮ್ಮೆ ಕೂಸಿನ ಹಣೆಯನ್ನೂ ಮುಟ್ಟಿ ನೋಡುತ್ತಿದ್ದಳು. ರುದ್ರವ್ವ ಈ ಸಲ ಬೈಯಲಿಲ್ಲ.