ಮಗಳು ತೋರಿಸಿದ ಬೆಂಗಳೂರು

"ಇನ್ನೊಂದ್ ತಂಬಿಗೆ ಬಿಸ್ನೀರು ಹುಯ್ರವ್ವ, ಬಲಗಾಲು ಇನ್ನೂ ಬಗ್ತಿಲ್ಲ," ಎಂದರು ಶವಸಂಸ್ಕಾರಕ್ಕೆ ಬಂದಿದ್ದ ಜಂಗಮ ಶಿವಯ್ಯನವರು.

ಗುರುಸಿದ್ದಮ್ಮನನ್ನು ಬೆಂಗಳೂರಿನಿಂದ ಬಾಣಾವರಕ್ಕೆ ಮಲಗಿಸಿಕೊಂಡು ತಂದದ್ದೇ ತಪ್ಪಾಗಿತ್ತು. ಅವರ ಪೈಕಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಉಸಿರು ನಿಂತ ಕೂಡಲೇ ಕಾಲು ಮಡಚಿ, ಗೋಡೆಗೆ ಒರಗಿಸಿ, ಲಿಂಗಪೂಜೆಗೆ ಕೂತ ಹಾಗೆ ಕೂರಿಸಬೇಕು. ಮಣ್ಣಿಗೂ ಹಾಗೆ ಕೂತುಕೊಂಡೇ ಹೋಗಬೇಕು. ಬೆಳಗ್ಗೆ ಕಾಫಿ ತಂದಾಗ ತಾಯಿ ಹಾಸಿಗೆಯಲ್ಲಿ ತಣ್ಣಗಾಗಿದ್ದದ್ದನ್ನು ಕಂಡ ಮಗಳು ಹೇಮಲತಾಳಿಗೆ ಇದೊಂದೂ ನೆನಪಾಗಲಿಲ್ಲ. ಆಂಬುಲೆನ್ಸಿನವರು ಮಲಗಿಸಿದರು, ಇವಳು ಪಕ್ಕದಲ್ಲಿ ಕೂತು ಬಂದಳು. ಬಾಣಾವರ ಮುಟ್ಟುವ ಹೊತ್ತಿಗೆ ಮೈ ಮರಗಟ್ಟಿತ್ತು.

ಹುಚ್ಚಮ್ಮ ಹಂಡೆಯಿಂದ ನೀರು ಮೊಗೆದು ಮಂಡಿಯ ಮೇಲೆ ಹುಯ್ದಳು. ಪಕ್ಕದ ತೋಟದವಳು, ಗುರುಸಿದ್ದಮ್ಮ ಸೊಸೆಯಾಗಿ ಬಂದ ದಿನದಿಂದ ಜೊತೆಗಾತಿ. ನೀರು ಹುಯ್ಯುತ್ತ ಸತ್ತವಳನ್ನು ಗದರಿಸಿದಳು.

"ಮಡಚು ಅಕ್ಕಯ್ಯ ಕಾಲ! ಬೆಂಗ್ಳೂರೆಲ್ಲ ಸುತ್ತಿದ್ ಕಾಲು, ಈಗ್ಲೂ ಒಂದ್ ಕಡೆ ಇರಾಕ್ ಒಲ್ಲೆ ಅಂತವೆ ನೋಡು. ಸಾಕು, ಕುಂತ್ಕಳವ್ವ ಇನ್ನ."

ಹೇಮಲತಾ ತಲೆಯೆತ್ತಿದಳು. ಬೆಂಗಳೂರೆಲ್ಲ ಸುತ್ತಿದ ಕಾಲೇ? ಅವಳಿಗೆ ಗೊತ್ತಿದ್ದ ಅಮ್ಮ ಮೂರನೇ ಮಹಡಿಯ ಮನೆಯಲ್ಲಿ ಸೊಪ್ಪು ಸೋಸುತ್ತ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತ ಅಮ್ಮ. ಸಂಜೆ ಇನ್ಶೂರೆನ್ಸ್ ಆಫೀಸಿನಿಂದ ಬಂದು "ಏನ್ಮಾಡ್ದೆ ಅಮ್ಮ ಇವತ್ತು?" ಎಂದರೆ, "ಏನೈತೆ ಮಾಡಾಕೆ, ಸುಮ್ನೆ ಕೂತಿದ್ದೆ" ಎನ್ನುವ ಅಮ್ಮ. ಹೇಮಲತಾ ಅದನ್ನು ನಂಬಿದ್ದಳು. ನಂಬದೆ ಇರುವುದಕ್ಕೆ ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು?

ಕಾಲು ಕೊನೆಗೂ ಬಗ್ಗಿತು. ಶಿವಯ್ಯನವರು ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು, ನಡುಮನೆಯ ಗೋಡೆಗೆ ಆನಿಸಿ ಕೂರಿಸಿದರು. ಗುರುಸಿದ್ದಮ್ಮ ನೆಟ್ಟಗೆ ಕೂತಳು. ಬಂದ ಹೆಂಗಸರೆಲ್ಲ ಅವಳ ಸುತ್ತ ಕೂತರು. ಅತ್ತು ಅತ್ತು ಸುಸ್ತಾದ ಮೇಲೆ ಎಲ್ಲರ ಕಣ್ಣೂ ಹೇಮಲತಾಳ ಕಡೆ ತಿರುಗಿತು.

"ಹೆತ್ರೆ ಇಂಥಾ ಮಗಳ್ನ ಹೆರ್ಬೇಕು ಕಣವ್ವ," ಎಂದಳು ಒಬ್ಬಳು. "ಮದ್ವೆ ಮಕ್ಳು ಏನೂ ಬ್ಯಾಡ ಅಂದು ತಾಯಿನ ಕೈ ಹಿಡ್ಕಂಡು ತಿರುಗಿಸ್ತು. ಆ ಲಾಲ್‌ಬಾಗಿನ ಬಂಡೆ ಮ್ಯಾಲೆ ನಿಂತ್ರೆ ಊರೆಲ್ಲ ಕಾಣ್ತದಂತಲ್ಲ ಹೇಮವ್ವ?"

ಹೇಮಲತಾ "ಹ್ಞೂ" ಎಂದಳು.

"ನೆಲದೊಳಗೆ ಹೋಗೋ ರೈಲ್ನಾಗೆ ಅವ್ಳಿಗೆ ಕಿವಿ ಗುಯ್ ಅಂತಂತೆ. ನೀನೇ ಬೆನ್ ಸವರಿದ್ಯಂತೆ. ನೀರಿನ ಬಾಟ್ಲಿ ಹಿಡ್ಕಂಡು ಹಿಂದ್ ಹಿಂದೇನೆ ಬತ್ತಿದ್ಯಂತೆ."

"ಮ್ಯೂಸಿಯಂನಲ್ಲಿ ಹಳೇಬೀಡಿನ ವಿಗ್ರಹ ಕಂಡು, ಏನಪ್ಪ, ನೀನೂ ಇಲ್ಲಿಗೇ ಬಂದ್ಬಿಟ್ಯಾ ಅಂತ ಅತ್ತೆ ಮಾತಾಡ್ಸಿದ್ರಂತೆ," ಎಂದಳು ತಮ್ಮನ ಹೆಂಡತಿ ಮಂಜುಳಾ, ಅಳುವಿನ ನಡುವೆಯೇ ನಗುತ್ತ. "ನೀವು, ಮೆಲ್ಲಗಮ್ಮ, ಎಲ್ರೂ ನೋಡ್ತಾರೆ ಅಂತ ಗದರಿದ್ರಂತೆ ಅತ್ತಿಗೆ."

ಆ ಬಂಡೆಯನ್ನು ಹೇಮಲತಾ ಎಂದೂ ಹತ್ತಿರಲಿಲ್ಲ. ನೆಲದೊಳಗಿನ ರೈಲು ಹತ್ತಿರಲಿಲ್ಲ, ಅವಳದು ಸ್ಕೂಟರು. ಮ್ಯೂಸಿಯಮ್ಮಿನ ಕೆಂಪು ಕಟ್ಟಡವನ್ನು ಸಿಗ್ನಲ್ಲಿನಲ್ಲಿ ನಿಂತಾಗ ನೋಡಿದ್ದಿರಬಹುದು. ಈ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಅರಸೀಕೆರೆ ದಾಟಿದವರಲ್ಲ, ಅವರ ಬಾಯಲ್ಲಿ ಅವಳ ಬೆಂಗಳೂರು ಬರುತ್ತಿತ್ತು. ಅದರಲ್ಲಿ ಅವಳೂ ಇದ್ದಳು, ನೀರಿನ ಬಾಟಲಿ ಹಿಡಿದುಕೊಂಡು.

*

ಗುರುಸಿದ್ದಮ್ಮ ಹುಟ್ಟಿದ್ದು ಹಳೇಬೀಡಿನಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಅವಳ ಪಾಲಿಗೆ ದೇವಸ್ಥಾನವೆಂದರೆ ದೊಡ್ಡ ಬಸವಣ್ಣನ ಮಂಟಪ. ಬೇಸಗೆಯಲ್ಲಿ ಅಲ್ಲಿ ತಂಪಾಗಿರುತ್ತಿತ್ತು, ಹುಡುಗಿಯರು ಕೂತು ಕಲ್ಲಾಟ ಆಡುತ್ತಿದ್ದರು, ಅಷ್ಟೆ. ಮದುವೆಯಾದ ಹೊಸತರಲ್ಲಿ ಗಂಡ ಕರಿಬಸವಯ್ಯನ ಜೊತೆ ತವರಿಗೆ ಹೋದಾಗ ಅವನು "ನಿಮ್ಮೂರ್ ದೇವಸ್ಥಾನ ತೋರ್ಸು ನಡಿ" ಅಂದ. ತೆಂಗಿನಕಾಯಿ ವ್ಯಾಪಾರದ ಮನುಷ್ಯ, ಅವರಿವರ ಬಾಯಲ್ಲಿ ಕೇಳಿದ್ದನಷ್ಟೆ. ಇವಳು ಊರಿನವಳೆಂಬ ಗತ್ತಿನಲ್ಲಿ ಮುಂದೆ ಮುಂದೆ ನಡೆದಳು.

"ಈ ಆನೆ ಸಾಲ್ನಾಗೆ ಒಂದ್ರಂಗೆ ಇನ್ನೊಂದಿಲ್ವಂತೆ, ಹೌದೇನೇ?" ಎಂದು ಕೇಳಿದ.

"ಯಾವ್ ಆನೆ?" ಎಂದಳು ಗುರುಸಿದ್ದಮ್ಮ.

ಕರಿಬಸವಯ್ಯ ಬಿದ್ದು ಬಿದ್ದು ನಕ್ಕ. ನಗು ಮುಗಿದು ನೋಡಿದರೆ ಹೆಂಡತಿ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದಳು. ಅಬ್ಬಾ, ಮೊಣಕಾಲ ಮಟ್ಟದಲ್ಲಿ ಗುಡಿಯ ಸುತ್ತ ಆನೆಗಳು! ಒಂದು ಸೊಂಡಿಲು ಸುತ್ತಿಕೊಂಡಿತ್ತು, ಒಂದು ಮುಂದಿನದರ ಬಾಲ ಹಿಡಿದಿತ್ತು, ಇನ್ನೊಂದು ಯಾರೋ ಕರೆದರೆಂದು ಹಿಂದೆ ತಿರುಗಿತ್ತು. ಆನೆಯಿಂದ ಆನೆಗೆ ಸರಿಯುತ್ತ, ರೇಷ್ಮೆ ಸೀರೆ ಧೂಳಾಗುವುದನ್ನೂ ಮರೆತು ಅವಳು ಇಡೀ ಗೋಡೆ ಸುತ್ತಿದಳು. ಹೊತ್ತು ಇಳಿಯಿತು. ಕಾವಲಿನವನು ಸೀಟಿ ಊದಿದ.

"ಇವೆಲ್ಲ ಇಷ್ಟ್ ದಿನ ಇಲ್ಲೇ ಇದ್ವಾ?" ಎಂದು ಗಂಡನನ್ನು ಕೇಳಿ ಅತ್ತಳು. ಈ ಕತೆ ಹೇಳಿ ಹೇಳಿ ಕರಿಬಸವಯ್ಯ ಮಕ್ಕಳನ್ನು ನಗಿಸುತ್ತಿದ್ದ. ಗುರುಸಿದ್ದಮ್ಮ ಮಾತ್ರ ಒಂದು ಸಲಕ್ಕೂ ನಗಲಿಲ್ಲ.

*

ತೋಟದಲ್ಲಿ, ಕರಿಬಸವಯ್ಯನ ಸಮಾಧಿಯ ಪಕ್ಕ ಗುಂಡಿ ತೋಡುತ್ತಿದ್ದರು. ಹೇಮಲತಾ ಒಂದು ತೆಂಗಿನ ಬುಡಕ್ಕೆ ಒರಗಿ ನಿಂತಿದ್ದಳು. ತಮ್ಮ ಶಶಿಧರ್ ಗುದ್ದಲಿಯವರಿಗೆ ಏನೋ ಹೇಳಿ ಅವಳ ಬಳಿ ಬಂದು ನಿಂತ.

"ಅಕ್ಕ," ಎಂದ.

ಆ ಮಾತು ಅವನ ಬಾಯಿಂದ ಬಂದು ವರ್ಷಗಳಾಗಿದ್ದವು. ಅಪ್ಪ ಹೋದ ಮೇಲೆ, "ಹೇಮಾ ಒಬ್ಳೇ ಅವ್ಳೆ" ಎಂದು ಅಮ್ಮ ಬೆಂಗಳೂರಿಗೆ ಹೊರಟಾಗಿನಿಂದ ಅವನು ಅಕ್ಕನೊಡನೆ ಮಾತು ಬಿಟ್ಟಿದ್ದ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಜನ ಸುಮ್ಮನಿರುತ್ತಾರೆಯೇ? ಗಂಡುಮಗ ಇದ್ದೂ ತಾಯಿ ಹೆಣ್ಣುಮಗಳ ಮನೆ ಸೇರಿದಳಂತೆ ಎಂದು ಎದುರಿಗೇ ಆಡಿಕೊಂಡಿದ್ದರು. ಹೇಳಬೇಕಾದದ್ದೆಲ್ಲ ಮಂಜುಳಾಳ ಫೋನಿನಲ್ಲೇ ಮುಗಿಯುತ್ತಿತ್ತು.

"ನಿನ್ ಮೇಲೆ ಬಲೇ ಸಿಟ್ಟಿತ್ತು ಕಣಕ್ಕ. ಸುಳ್ಳು ಯಾಕೆ," ಎಂದ ಶಶಿಧರ್. "ಅಮ್ಮ ಊರಿಗೆ ಬಂದಾಗೆಲ್ಲ ಜಗಲಿ ಮ್ಯಾಲೆ ಕೂತು ಹೇಳಾಳು, ಹೇಮಾ ಇದ್ನ ತೋರ್ಸಿದ್ಲು, ಹೇಮಾ ಅಲ್ಲಿಗೆ ಕರ್ಕಂಡೋಗಿದ್ಲು ಅಂತ. ನಾನು ಒಳಗೆ ಕೂತು ಕೇಳ್ತಿದ್ದೆ. ನಾನು ಅವ್ಳನ್ನ ಬೇಲೂರಿಗೂ ಒಂದ್ ಸತಿ ಕರ್ಕಂಡೋಗ್ಲಿಲ್ಲ. ಇಲ್ಲೇ ಐತಲ್ಲ, ಯಾವಾಗ್ಲಾದ್ರೂ ಹೋದ್ರಾತು ಅಂತ ಇದ್ದೆ. ನೀನು ನನ್ ಪಾಲಿಂದೂ ಮಾಡ್ದೆ."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹೇಮಲತಾಳಿಗೆ ನಿಜ ನಾಲಿಗೆಯ ತುದಿಗೆ ಬಂತು. ಹೇಳಿದರೆ ಇವನು ಇನ್ನೊಮ್ಮೆ ಮುಖ ತಿರುಗಿಸುತ್ತಾನೆ, ಈ ಸಲ ನ್ಯಾಯವಾಗಿಯೇ ತಿರುಗಿಸುತ್ತಾನೆ. ಅಪ್ಪ ಹೋದ, ಅಮ್ಮ ಹೋದಳು, ಉಳಿದವನು ಇವನೊಬ್ಬ. ಅವಳು ಬಾಯಿ ಮುಚ್ಚಿಕೊಂಡಳು, ತನ್ನ ಮೇಲೇ ಹೇಸಿಗೆಯಾಯಿತು.

*

ಅಮ್ಮ ಬೆಂಗಳೂರಿಗೆ ಬಂದ ಹೊಸತು, ಒಂದು ಭಾನುವಾರ.

"ಹೇಮಾ, ಆ ಲಾಲ್‌ಬಾಗು ಇಲ್ಲೇ ಅಲ್ವೇನೇ? ಹೋಗ್ ಬರಾಣ."

"ಇವತ್ತು ರಶ್ ಇರುತ್ತಮ್ಮ. ಮುಂದಿನ ವಾರ ನೋಡೋಣ."

"ನೀನು ನೋಡಿದೀಯಾ?"

"ದಿನಾ ನೋಡ್ತೀನಲ್ಲಮ್ಮ. ಅದರ ಗೋಡೆ ಪಕ್ಕದಲ್ಲೇ ತಾನೇ ಆಫೀಸಿಗೆ ಹೋಗೋದು."

"ಗೋಡೆ ಇರ್ಲಿ. ಒಳಗೆ?"

"ಒಳಗೆ ಇನ್ನೇನಿರುತ್ತೆ, ಗಿಡ ಇರ್ತವೆ."

ಗುರುಸಿದ್ದಮ್ಮ ಮಗಳನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಇದ್ನ ಕೇಳಾಕೆ ನಿಮ್ಮಪ್ಪ ಇರ್ಬೇಕಿತ್ತು" ಎಂದಳು. ಹೇಮಲತಾಳಿಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ.

ಮುಂದಿನ ವಾರ ಬರಲೇ ಇಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆದಾಗ ಗುರುಸಿದ್ದಮ್ಮ "ನನ್ ಆಧಾರ್ ಕಾರ್ಡ್ ಎಲ್ಲಿಟ್ಟಿದೀಯೇ?" ಎಂದು ಕೇಳಿ ಈಸಿಕೊಂಡಳು. ಯಾಕೆ ಎಂದು ಮಗಳು ಕೇಳಲಿಲ್ಲ. ಆಫೀಸಿಗೆ ಹೊತ್ತಾಗಿತ್ತು.

*

ಬಿದಿರಿನ ಕುರ್ಚಿಯಲ್ಲಿ ಕೂತು, ಹೂವಿನ ಹಾರದ ಭಾರಕ್ಕೆ ಸ್ವಲ್ಪ ಮುಂದೆ ಬಾಗಿ, ಗುರುಸಿದ್ದಮ್ಮ ತೋಟಕ್ಕೆ ಹೋದಳು. ಇಬ್ಬರು ಗುಂಡಿಗಿಳಿದು ಅವಳನ್ನು ಅದರ ಪಕ್ಕಕ್ಕೆ ಕೊರೆದ ಗೂಡಿನಲ್ಲಿ ಕೂರಿಸಿದರು. ಶಿವಯ್ಯನವರು ಮಂತ್ರ ಹೇಳುತ್ತ ವಿಭೂತಿ, ಬಿಲ್ವಪತ್ರೆ ಹಾಕಿಸಿದರು. ಹೇಮಲತಾ ಮಣ್ಣು ಹಾಕುವಾಗ ಅಮ್ಮನ ಪಾದ ಕಂಡಿತು. ಹಿಮ್ಮಡಿಯ ಬಿರುಕು ಬಿರುಕಾದ ಚರ್ಮವನ್ನು ಅವಳು ಇಷ್ಟು ಹತ್ತಿರದಿಂದ ನೋಡಿರಲೇ ಇಲ್ಲ.

ವಾಪಸು ಬರುವಾಗ ಅವಳಿಗೆ ಎಲ್ಲ ಅರ್ಥವಾಯಿತು. ಮುದುಕಿ ಒಬ್ಬಳೇ ಬಸ್ಸು ಹತ್ತಿ ತಿರುಗುತ್ತಾಳೆಂದು ಗೊತ್ತಾದರೆ ಊರಿನವರು ಮಗಳಿಗೆ ಛೀ ಥೂ ಅನ್ನುತ್ತಾರೆ. ಅದಕ್ಕೇ ಅಮ್ಮ ತಾನು ಬೆರಗಾಗಿ ನಿಂತ ಒಂದೊಂದು ಜಾಗಕ್ಕೂ ಮಗಳನ್ನು ಕರೆತಂದು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಳು. ಇಂಥಾ ಹೆಂಗಸಿನ ಜೊತೆ ಒಂದೇ ಮನೆಯಲ್ಲಿದ್ದೆನಲ್ಲ ಎಂದು ಹೇಮಲತಾಳಿಗೆ ಮೈ ಜುಮ್ಮೆಂದಿತು.

ಸ್ನಾನ ಮುಗಿಸಿ ಎಲ್ಲರೂ ಅಂಗಳದಲ್ಲಿ, ಜಗಲಿಯಲ್ಲಿ ಕೂತರು. ಹುಚ್ಚಮ್ಮ ತನ್ನ ಮನೆಯಿಂದ ಚಾ ಕಾಸಿ ತಂದಿದ್ದಳು. ಹೊತ್ತು ಮುಳುಗುತ್ತಿತ್ತು.

"ಹೇಮವ್ವ," ಎಂದಳು ಹುಚ್ಚಮ್ಮ. "ಆ ನಕ್ಷತ್ರ ತೋರ್ಸೋ ಮನೆ ಐತಲ್ಲ, ತಾರಾಲಯ, ಅದ್ನ ಇನ್ನೊಂದ್ ಸತಿ ಹೇಳು ಅಂತ ನಿಮ್ಮವ್ವನ್ನ ಕೇಳಿದ್ದೆ ಕಣವ್ವ. ಮುಂದಿನ್ ಸತಿ ಬಂದಾಗ ಹೇಳ್ತೀನಿ ಅಂದಿದ್ಲು. ನೀನಾರ ಹೇಳು. ನೀನ್ ಪಕ್ಕದಾಗೇ ಇದ್ಯಲ್ಲ. ಕತ್ಲಾದಾಗ ಭಯಾಗಿ ನಿನ್ ಕೈ ಗಟ್ಟಿಯಾಗಿ ಹಿಡ್ಕಂಡಿದ್ಲಂತೆ."

ಬಂಡೆ, ರೈಲು, ನೀರಿನ ಬಾಟಲಿ, ಎಲ್ಲವನ್ನೂ ನುಂಗಿಕೊಂಡಿದ್ದ ಹೇಮಲತಾಳಿಗೆ ಆ ಕೈಯನ್ನು ಮಾತ್ರ ನುಂಗಲಾಗಲಿಲ್ಲ.

"ನಾನಿರಲಿಲ್ಲ ಚಿಕ್ಕಮ್ಮ," ಎಂದಳು.

"ಎಲ್ಲಿ ಇರ್ಲಿಲ್ಲ?"

"ಎಲ್ಲೂ ಇರಲಿಲ್ಲ. ಲಾಲ್‌ಬಾಗಿನಲ್ಲೂ ಇರಲಿಲ್ಲ, ಮ್ಯೂಸಿಯಂನಲ್ಲೂ ಇರಲಿಲ್ಲ. ಇಪ್ಪತ್ತು ವರ್ಷದ ಮೇಲಾಯ್ತು ಆ ಊರಲ್ಲಿದ್ದು, ಅದೊಂದನ್ನೂ ನಾನು ನೋಡಿಲ್ಲ. ಅಮ್ಮ ಹೋಗ್ತಿದ್ಲು ಅಂತಾನೇ ನಂಗೆ ಗೊತ್ತಿರಲಿಲ್ಲ. ಇವತ್ತು ನಿಮ್ಮ ಬಾಯಲ್ಲೇ ಕೇಳಿದ್ದು."

ಬಾಗಿಲಲ್ಲಿ ಕೂತಿದ್ದ ಶಶಿಧರ್ ಎದ್ದು ನಿಂತ. "ಮತ್ತೆ ಯಾರ್ ಕರ್ಕಂಡೋಗಿದ್ದು?"

"ಯಾರೂ ಇಲ್ಲ ಶಶಿ. ಒಬ್ಬಳೇ."

ಹೇಮಲತಾ ತಲೆ ತಗ್ಗಿಸಿ ಕಾದಳು. ಬಯ್ಗುಳ ಎಲ್ಲಿಂದಲೂ ಬರಲಿಲ್ಲ.

"ಒಬ್ಳೇನಾ?" ಎಂದಳು ಹುಚ್ಚಮ್ಮ, ಬಾಯಿಯ ಮೇಲೆ ಕೈಯಿಟ್ಟುಕೊಂಡು. "ಅಯ್ ಶಿವ್ನೇ! ಇಲ್ಲಿ ರೈಲ್ವೆ ಗೇಟ್ ದಾಟಾಕೆ ನನ್ ಸೆರಗು ಹಿಡ್ಕಳೋಳು, ಒಬ್ಳೇನಾ?"

"ಆ ನೆಲದೊಳಗಿನ ರೈಲ್ಗೂ?" ಎಂದು ಇನ್ನೊಬ್ಬಳು ಕೇಳಿದಳು.

"ಅದಕ್ಕೂ ಒಬ್ಬಳೇ."

"ಅಬ್ಬಬ್ಬಬ್ಬಾ! ಓದಾಕ್ ಬರ್ದು, ಬರೆಯಾಕ್ ಬರ್ದು. ಯಾರ್ನ ಕೇಳ್ಕಂಡು ಬಸ್ ಹತ್ತಿದ್ಲೋ, ಎಲ್ ಇಳಿದ್ಲೋ!"

ಹೆಂಗಸರೆಲ್ಲ ನಡುಮನೆಯ ಗೋಡೆಯ ಕಡೆ ತಿರುಗಿದರು. ಅವಳನ್ನು ಕೂರಿಸಿದ್ದ ಜಾಗದಲ್ಲಿ ಈಗ ಒಂದು ದೀಪ ಉರಿಯುತ್ತಿತ್ತು. ಒಂದಿಬ್ಬರು ಅದಕ್ಕೇ ಕೈ ಮುಗಿದರು. ಶಶಿಧರ್ ಬಂದು ಅಕ್ಕನ ಪಕ್ಕದಲ್ಲಿ ಕೂತ.

"ಹಂಗಾರೆ ಆ ಕತ್ಲಾಗೆ ಅಮ್ಮ ಯಾರ್ ಕೈ ಹಿಡ್ಕಂಡಿದ್ಲಕ್ಕ?" ಎಂದು ಮೆಲ್ಲಗೆ ಕೇಳಿದ.

"ಗೊತ್ತಿಲ್ಲ ಕಣೋ."

"ನಾನೂ ಇರ್ಲಿಲ್ಲ," ಎಂದ. ಬೆಳಗಿನಿಂದ ಬೇರೆ ಬೇರೆ ಕಡೆ ಅತ್ತಿದ್ದ ಅಕ್ಕ ತಮ್ಮ ಈಗ ಒಟ್ಟಿಗೆ ಅತ್ತರು.

ಹುಚ್ಚಮ್ಮ ಅವರಿಬ್ಬರನ್ನೂ ಸಾಕೆನಿಸುವವರೆಗೆ ಅಳಲು ಬಿಟ್ಟಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಹೋಗ್ಲಿ ಬಿಡ್ರವ್ವ. ನೀವಿಬ್ರೂ ನೋಡಿಲ್ವಾ? ನಾನ್ ತೋರಿಸ್ತೀನಿ, ಅವ್ಳು ಹೇಳ್ದಂಗೇ. ಮಂಜುಳಾ, ಹೊರಗಿನ್ ಲೈಟ್ ಆರ್ಸು. ಒಳಗಿನ್ ದೀಪ ಇರ್ಲಿ, ಅದ್ನ ಮುಟ್ಬ್ಯಾಡ. ಎಲ್ರೂ ಗ್ವಾಡೆಗೆ ಒರಗ್ಕಳಿ. ಈಗ ಕುರ್ಚಿ ಹಿಂದಕ್ಕೆ ವಾಲ್ತದೆ, ಬೀಳ್ತೀವಿ ಅನ್ನಿಸ್ತದೆ, ಬೀಳಲ್ಲ. ತಲೆ ಹಿಂದಕ್ ಹಾಕ್ರಿ. ಇನ್ನೂ ಹಾಕ್ರಿ."

ಲೈಟು ಆರಿತು. ಜಗಲಿಯುದ್ದಕ್ಕೂ ಹೆಂಗಸರು ಗೋಡೆಗೊರಗಿ ಕತ್ತು ಹಿಂದಕ್ಕೆ ಚೆಲ್ಲಿದರು. ಹೇಮಲತಾಳೂ ಒರಗಿದಳು. ಅಂಗಳದ ಮೇಲೆ, ತೆಂಗಿನ ಗರಿಗಳ ನಡುವೆ ಆಕಾಶ ಮೆಲ್ಲಗೆ ಕಪ್ಪಾಗುತ್ತಿತ್ತು. ಅದರಲ್ಲಿ ಇನ್ನೂ ಏನೂ ಕಾಣುತ್ತಿರಲಿಲ್ಲ.

"ಏನೂ ಇಲ್ವಲ್ಲ ಚಿಕ್ಕಮ್ಮ?"

"ಬತ್ತದೆ ಸುಮ್ನಿರು. ಅವಸರ ಮಾಡಬಾರ್ದಂತೆ ಅಲ್ಲಿ. ಭಯಾದ್ರೆ ಪಕ್ಕದೋರ್ ಕೈ ಹಿಡ್ಕಂಡು ಮ್ಯಾಲೇ ನೋಡ್ತಿರು."

ಹೇಮಲತಾ ಮೇಲೆಯೇ ನೋಡುತ್ತಿದ್ದಳು. ಕತ್ತಲಲ್ಲಿ ಶಶಿಧರನ ಕೈ ಜಗಲಿಯ ಕಲ್ಲನ್ನು ತಡವುತ್ತ ಬಂದು ಅವಳ ಕೈಯನ್ನು ಗಟ್ಟಿಯಾಗಿ ಹಿಡಿಯಿತು.