ಗಂಟಿನ ತಳದ ಸೀರೆ

ನನ್ನ ಹೆಗಲ ಮೇಲೆ ಬಿದ್ದಷ್ಟು ಸೀರೆ ಗದ್ವಾಲದ ಯಾವ ದೊರಸಾನಿಯ ಹೆಗಲ ಮೇಲೂ ಬಿದ್ದಿರಲಿಕ್ಕಿಲ್ಲ. ಜಂಬ ಅನ್ನುವವರು ಅನ್ನಲಿ. ಹನ್ನೊಂದು ವರ್ಷ ನಾರಾಯಣಪೇಟೆಯ ಕರಿಬಸಯ್ಯ ಸಾವಕಾರರ ಸೀರೆ ಅಂಗಡಿಯ ಗಂಟು ಹೊತ್ತವಳು ನಾನು, ಕುರುಬರ ಉರುಕುಂದಮ್ಮ. ದೊಡ್ಡ ಮನೆಯ ಹೆಂಗಸರು ಆಗ ಬಜಾರಕ್ಕೆ ಬರುತ್ತಿರಲಿಲ್ಲ. ಅವರು ಬರದಿದ್ದರೆ ಅಂಗಡಿಯೇ ಅವರ ಮನೆಗೆ ಹೋಗಬೇಕಲ್ಲ, ಆ ಅಂಗಡಿ ನಾನೇ. ಹೊರಗಿನ ಗಂಡಸರು ಪಡಸಾಲೆ ದಾಟುವಂತಿಲ್ಲ. ನಾನು ನಡುಮನೆಯಲ್ಲಿ ಗಂಟು ಬಿಚ್ಚಿ, ಹಿತ್ತಲಲ್ಲಿ ಮಜ್ಜಿಗೆ ಕುಡಿದು, ಸೊಸೆಯರ ಮೇಲೆ ಅತ್ತೆ ಹೇಳುವುದನ್ನೂ ಅತ್ತೆಯ ಮೇಲೆ ಸೊಸೆಯರು ಹೇಳುವುದನ್ನೂ ಕೇಳಿಕೊಂಡು ಬರುತ್ತಿದ್ದೆ.

ವಾರಕ್ಕೊಮ್ಮೆ ಮಕ್ತಲ್, ತಿಂಗಳಿಗೊಮ್ಮೆ ಕೃಷ್ಣೆಯನ್ನು ಹರಗೋಲಿನಲ್ಲಿ ದಾಟಿ ಗದ್ವಾಲ. ಗದ್ವಾಲದಲ್ಲೇ ಅಂಥ ಸೀರೆ ನೇಯುತ್ತಾರೆ, ಅಲ್ಲಿಗೆ ಹೋಗಿ ಸೀರೆ ಮಾರುತ್ತೀಯಾ ಎಂದು ಜನ ನಗುತ್ತಿದ್ದರು. ಅವರಿಗೇನು ಗೊತ್ತು, ಮಣ್ಣು. ಹಿತ್ತಲ ಗಿಡ ಮದ್ದಲ್ಲ. ಗದ್ವಾಲದವರಿಗೆ ನಾರಾಯಣಪೇಟೆಯ ಚೌಕಳಿ ಬೇಕು, ನಾರಾಯಣಪೇಟೆಯವರಿಗೆ ಗದ್ವಾಲದ ಜರಿ ಬೇಕು. ಸೆರಗನ್ನು ನನ್ನ ಹೆಗಲ ಮೇಲೆ ಹರವಿ ಬೆಳಕಿಗೆ ಒಮ್ಮೆ ತಿರುಗಿದೆನೆಂದರೆ ಅಲ್ಲಿಯ ಹೆಂಗಸರು "ಬಾಗುಂದಮ್ಮಾ", ಚೆನ್ನಾಗಿದೆಯಮ್ಮಾ, ಎನ್ನುತ್ತಲೇ ಕೈ ಚಾಚುತ್ತಿದ್ದರು. ನನ್ನ ಬಣ್ಣ ಕಪ್ಪು. ಕಪ್ಪು ಹೆಗಲ ಮೇಲೆ ಎಂಥ ಸೀರೆಯೂ ಎದ್ದು ಕಾಣುತ್ತದೆ, ಸಾವಕಾರರು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದೇ ಅದಕ್ಕೆ. ಅದನ್ನು ಅವರು ಮುಖಕ್ಕೇ ಹೇಳಿದ್ದರು.

ನಮ್ಮ ವ್ಯಾಪಾರದಲ್ಲಿ ಒಂದು ಕಟ್ಟಳೆ. ಹೆಗಲಿಗೆ ಹಾಕಿದ್ದು ತೋರಿಸಿದ್ದು, ಸೊಂಟಕ್ಕೆ ಸಿಕ್ಕಿಸಿದ್ದು ಉಟ್ಟಿದ್ದು. ಸೆರಗು ಎಷ್ಟು ಸಲ ಹೆಗಲೇರಿದರೂ ಸೀರೆ ಹೊಸದೇ. ನಿರಿಗೆ ಹಿಡಿದು ಒಮ್ಮೆ ಸಿಕ್ಕಿಸಿದರೆ ಮುಗಿಯಿತು, ಅದು ಹಳೆಯ ಸೀರೆ. ಅದನ್ನು ಹೊಸದೆಂದು ಮಾರಿದವರಿಗೆ ಮುಂದೆ ಯಾರ ಮನೆಯ ಬಾಗಿಲೂ ಇಲ್ಲ. ಈ ಬಣ್ಣ ಬಿಡುವುದಿಲ್ಲ, ಇಂಥ ದಡಿ ಇನ್ನೊಂದಿಲ್ಲ ಎಂದು ನಾನು ದಿನಕ್ಕೆ ಹತ್ತು ಸುಳ್ಳು ಹೇಳುತ್ತಿದ್ದೆ. ಆ ಒಂದು ಸುಳ್ಳು ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ಇಷ್ಟಕ್ಕೆ ಪಗಾರ ತಿಂಗಳಿಗೆ ಹನ್ನೆರಡು ಹಾಲಿ ರೂಪಾಯಿ, ಅಂದರೆ ನಿಜಾಮರ ರೂಪಾಯಿ, ಯುಗಾದಿಗೆ ಒಂದು ಒರಟು ನೂಲಿನ ಸೀರೆ. ಹೆಚ್ಚು ಮಾಡಿರಿ ಎಂದರೆ "ಬರೋ ದೀಪಾವಳಿಗೆ ನೋಡೋಣಂತ" ಎನ್ನುತ್ತಿದ್ದರು ಸಾವಕಾರರು. ದೀಪಾವಳಿ ಪ್ರತಿ ವರ್ಷವೂ ತಪ್ಪದೆ ಬರುತ್ತಿತ್ತು.

ನಿಜಾಮರ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ಆದ ವಾರ. ರಜಾಕಾರರು ಬರುತ್ತಾರೆ ಎಂದು ಒಬ್ಬ, ಮಿಲಿಟರಿ ಬರುತ್ತದೆ ಎಂದು ಇನ್ನೊಬ್ಬ. ಯಾರು ಬಂದರೂ ಬಾಗಿಲು ಹಾಕಿಕೊಳ್ಳುವುದು ಒಳ್ಳೆಯದೆಂದು ಬಜಾರವೆಲ್ಲ ಮುಚ್ಚಿತ್ತು. ಕರಿಬಸಯ್ಯನವರು ಅಂಗಡಿಯ ಅತಿ ಒಳ್ಳೆಯ ಒಂಬತ್ತು ಸೀರೆ ಕಟ್ಟಿಕೊಂಡು ನಮ್ಮ ಗುಡಿಸಲಿಗೇ ಬಂದರು. "ಕುರುಬರ ಮನ್ಯಾಗ ರೇಷ್ಮಿ ಯಾರು ಹುಡುಕ್ತಾರ? ಇಟ್ಕೊ" ಎಂದರು. ನಾನು ಅವನ್ನು ಜೋಳ ತುಂಬುವ ವಾಡೆಯೊಳಗೆ ಇಳಿಸಿ ಮೇಲೆ ಜೋಳ ಸುರಿದೆ.

ನಾಲ್ಕನೆಯ ದಿನ. ಗಂಡ ಖಂಡಪ್ಪ ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದ, ಅತ್ತೆ ಹನುಮಮ್ಮ ಬೀರಪ್ಪನ ಗುಡಿಗೆ ಹೋಗಿದ್ದಳು. ಮನೆಯಲ್ಲಿ ನಾನು, ಒಂಬತ್ತು ಸೀರೆ. ನಾಳೆ ಲೋಕ ಇರುತ್ತದೋ ಇಲ್ಲವೋ ಎಂದು ಊರೆಲ್ಲ ಅನ್ನುತ್ತಿದ್ದಾಗ ನನಗೆ ಬಂದ ಬುದ್ಧಿ ನೋಡಿರಿ. ಕುಂಕುಮ ಬಣ್ಣದ ಒಡಲು, ಹಸಿರು ದಡಿಯ ಸೀರೆ ತೆಗೆದೆ. ಹೆಗಲಿಗೆ ಹಾಕಿದೆ. ಆಮೇಲೆ, ಯಾಕೋ ಏನೋ, ನಿರಿಗೆ ಹಿಡಿದು ಸಿಕ್ಕಿಸಿಯೇಬಿಟ್ಟೆ. ಒಲೆಯಿಂದ ಬಾಗಿಲಿಗೆ ನಡೆದೆ, ಬಾಗಿಲಿನಿಂದ ಒಲೆಗೆ ನಡೆದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆಗಲೇ ಅತ್ತೆ ಬಾಗಿಲಿಗೆ ಬಂದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು, ಬಣ್ಣ ಗೊತ್ತಾಗುತ್ತಿತ್ತೇ ಹೊರತು ಮುಖ ಗೊತ್ತಾಗುತ್ತಿರಲಿಲ್ಲ. ಹೊಸ್ತಿಲಲ್ಲೇ ನಿಂತು ಕೈ ಮುಗಿದಳು.

"ಯಾರ ಮನಿ ದೊರಸಾನಿ ಬಂದೀರವ್ವಾ? ಕುಂದರ್ರಿ, ನೀರು ತರ್ತೀನಿ" ಎಂದಳು.

ಅತಿಥಿಗಳಿಗೆಂದು ತೊಳೆದಿಟ್ಟ ಹಿತ್ತಾಳೆ ಚೊಂಬು ಹುಡುಕಲು ಅವಳು ಮೂಲೆಗೆ ಹೋದಳು, ನಾನು ಹಿತ್ತಲಿಗೆ ಓಡಿದೆ. ತಿರುಗಿ ಬಂದಾಗ ನನ್ನ ಹಳೆಯ ಸೀರೆಯಲ್ಲಿದ್ದೆ. "ಯಾರೋ ದೊಡ್ಡವರು ಬಂದಿದ್ರು, ನೀರು ಕುಡೀದ ಹ್ವಾದ್ರು" ಎಂದು ಅತ್ತೆ ಎರಡು ದಿನ ಪೇಚಾಡಿದಳು.

ಗಲಾಟೆ ತಣ್ಣಗಾದ ಮೇಲೆ ಒಂಬತ್ತೂ ಸೀರೆ ತಿರುಗಿ ಕೊಟ್ಟೆ. ಸಾವಕಾರರು ಒಂದೊಂದನ್ನೇ ಬಿಡಿಸಿ, ಮೂಸಿ, ಮಡಚಿಟ್ಟು ನನಗೊಂದು ತೆಂಗಿನಕಾಯಿ ಕೊಟ್ಟರು. ಒಂಬತ್ತು ರೇಷ್ಮೆ ಸೀರೆ ಕಾದದ್ದಕ್ಕೆ ಒಂದು ತೆಂಗಿನಕಾಯಿ. ನನ್ನ ಸಿಟ್ಟು ನೆತ್ತಿಗೇರಿತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು, ಸುಮ್ಮನೆ ಕಾಯಿ ತಂದು ಚಟ್ನಿ ಅರೆದೆ.

ಆಮೇಲೆ ಶುರುವಾಯಿತು ತಾಪತ್ರಯ. ಆ ಕುಂಕುಮ ಸೀರೆ ಮತ್ತೆ ನನ್ನ ಗಂಟಿಗೇ ಬಂತು. ಹೊಸದೆಂದು ಮಾರಲು ನಾಲಿಗೆ ಏಳಲಿಲ್ಲ, ಉಟ್ಟದ್ದೆಂದು ಹೇಳಲು ಧೈರ್ಯವಿರಲಿಲ್ಲ. ಗಂಟಿನ ತಳಕ್ಕೆ ಹಾಕಿದೆ. ಯಾರಾದರೂ ಕಣ್ಣಿಟ್ಟರೆ "ಅದು ಇಟಿಕ್ಯಾಲದವರು ಹೇಳಿಟ್ಟದ್ದು" ಎನ್ನುತ್ತಿದ್ದೆ. ಹಾಗೆ ಒಂದೂವರೆ ವರ್ಷ ಅದು ನನ್ನ ತಲೆಯ ಮೇಲೆ ಮಕ್ತಲ್, ಗದ್ವಾಲ ಸುತ್ತಿತು. ಇಷ್ಟು ದಿನ ಅದು ಯಾಕೆ ಮಾರಿಹೋಗಲಿಲ್ಲ ಎಂದು ಸಾವಕಾರರು ಒಂದು ಮಾತೂ ಕೇಳಲಿಲ್ಲ, ಅದೊಂದು ಪುಣ್ಯ.

ಹೀಗಿರುವಾಗ ಊರಿಗೆ ಹೆಣ್ಣುಮಕ್ಕಳ ಸರ್ಕಾರಿ ಶಾಲೆ ಬಂತು. ರಾಯಚೂರಿನಿಂದ ಬಂದ ಹೆಡ್ ಅಕ್ಕೋರು ಶಂಕರಮ್ಮ ಒಂದು ದಿನ ಯಾರದೋ ಮನೆಯಲ್ಲಿ ನಾನು ಸೀರೆ ಮಾರುವುದನ್ನು ಕೂತು ನೋಡಿದರು. ಸೀರೆ ಕೊಳ್ಳಲಿಲ್ಲ. ಹೊರಗೆ ಬಂದ ಮೇಲೆ ನನ್ನನ್ನು ನಿಲ್ಲಿಸಿದರು.

"ಸಾಲಿ ಐತಿ, ಹುಡಿಗ್ಯಾರಿಲ್ಲ" ಎಂದರು. "ನಾ ಹೋದ್ರ ಪಡಸಾಲ್ಯಾಗ ಕುಂದ್ರಿಸಿ ಚಾ ಕೊಟ್ಟು ಕಳಸ್ತಾರ. ನಡುಮನೀತನಕ ಹೋಗಾಕಿ ಈ ಊರಾಗ ನೀನೊಬ್ಬಾಕಿ. ಆಯಾ ಆಗಿ ಬಾ. ಮುಂಜಾನೆ ಮನೀ ಮನೀಗೆ ಹೋಗಿ ಹುಡಿಗ್ಯಾರನ್ನ ಕರಕೊಂಡು ಬರೋದು, ಸಂಜಿಮುಂದ ಬಿಟ್ಟು ಬರೋದು. ಮೂವತ್ತು ರೂಪಾಯಿ, ಐತವಾರ ಸೂಟಿ."

"ಮತ್ತೇನರ ಐತೇನ್ರಿ ಅಕ್ಕೋರ?" ಎಂದು ಕೇಳಿದೆ. ಇಷ್ಟು ಒಳ್ಳೆಯ ಮಾಲಿನಲ್ಲಿ ಎಲ್ಲೋ ಒಂದು ತೂತು ಇರಲೇಬೇಕು, ನಾನೂ ವ್ಯಾಪಾರದವಳೇ.

"ಬಿಳಿ ಸೀರಿ ಉಡಬೇಕಾಗ್ತತಿ. ಸರ್ಕಾರದ ಹುಕುಂ. ಸೋಮವಾರದೊಳಗ ಹೇಳು."

ಮನೆಯಲ್ಲಿ ಹೇಳಿದೆ. ಅತ್ತೆ ಉಣ್ಣುತ್ತಿದ್ದ ರೊಟ್ಟಿ ಬಿಟ್ಟು ಎದ್ದಳು.

"ಗಂಡ ಗುಂಡುಕಲ್ಲಿನಂಗ ಇರಬೇಕಾದ್ರ ಬಿಳಿ ಸೀರಿ ಉಡ್ತೀಯೇನ? ನನ್ನ ಮಗ ಏನು ಸತ್ತಾನೇನು?"

ಗುಂಡುಕಲ್ಲು ಉಣ್ಣುತ್ತ ಕೂತಿತ್ತು, ಉಣ್ಣೆ ಕತ್ತರಿಸುವ ಕಾಲವೆಂದು ಖಂಡಪ್ಪ ಮನೆಗೆ ಬಂದಿದ್ದ. ನಿಧಾನವಾಗಿ ನುಂಗಿ, "ನಮ್ಮ ಕುರಿ ಎಲ್ಲಾ ಕರಿ. ಅದರಾಗ ಒಂದು ಬಿಳೀದು ಇದ್ರ ದೂರದಿಂದ ಗುರ್ತು ಸಿಗ್ತತಿ, ಉಡಲಿ ಬಿಡು" ಎಂದ. ಅವನು ವರ್ಷಕ್ಕೆ ಇಷ್ಟೇ ಮಾತಾಡುವುದು, ಆ ವರ್ಷದ್ದು ಮುಗಿಯಿತು.

ಬಿಳಿ ಸೀರೆಯ ಮಾತು ನನಗೂ ಚುಚ್ಚಿತು, ಇಲ್ಲವೆನ್ನುವುದಿಲ್ಲ. ಹನ್ನೊಂದು ವರ್ಷ ಬಣ್ಣಗಳ ನಡುವೆ ಬದುಕಿದವಳು. ಹರಗೋಲು, ಹೊಳೆಯ ಗಾಳಿ, ಸೆರಗು ಬಿಚ್ಚಿದಾಗ ಹೆಂಗಸರ ಕಣ್ಣು ಅರಳುವುದು, ಇವೆಲ್ಲ ಬಿಟ್ಟು ಹೋಗುವುದು ಸುಲಭವಲ್ಲ. ಆದರೂ ಅದನ್ನು ನುಂಗಬಹುದಿತ್ತು. ನುಂಗಲಾಗದ್ದು ಗಂಟಿನ ತಳದಲ್ಲಿತ್ತು.

ಕೆಲಸ ಬಿಟ್ಟರೆ ಗಂಟು ತಿರುಗಿ ಕೊಡಬೇಕು. ನನ್ನ ನಂತರ ಬರುವವಳು ಆ ಸೀರೆಯನ್ನು ಹೊಸದೆಂದು ಯಾವುದೋ ಮದುಮಗಳಿಗೆ ಮಾರುತ್ತಾಳೆ, ಪಾಪ ನನ್ನ ತಲೆಗೆ. ಕೊಡುವ ಮೊದಲು ಹೇಳಿಬಿಡೋಣವೆಂದರೆ ಸಾವಕಾರರು ಕಳ್ಳಿ ಅಂದಾರು. ಕಳ್ಳಿ ಎಂಬ ಮಾತು ಬಜಾರದಲ್ಲಿ ಒಮ್ಮೆ ಬಿದ್ದರೆ ಯಾವ ತಾಯಿ ನನ್ನ ಕೈಗೆ ಮಗಳನ್ನು ಕೊಟ್ಟು ಕಳಿಸುತ್ತಾಳೆ? ಆ ನೌಕರಿ ನಿಂತಿರುವುದೇ ನಂಬಿಕೆಯ ಮೇಲೆ. ಹೇಳಿದರೆ ಎರಡೂ ನೌಕರಿ ಹೋಗಬಹುದು, ಹೇಳದಿದ್ದರೆ ಹನ್ನೆರಡು ರೂಪಾಯಿಗೆ ಆ ಸೀರೆಯನ್ನು ಸಾಯುವತನಕ ಹೊರಬೇಕು. ಮೂರು ದಿನ ಇದನ್ನೇ ರುಬ್ಬಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಬೈಸಿಕೊಂಡೆ.

ಸೋಮವಾರ ಬೆಳಿಗ್ಗೆ ಗಂಟು ಹೊತ್ತು ಅಂಗಡಿಗೆ ಹೋದೆ. ಸಾವಕಾರರು ವಿಭೂತಿ ಧರಿಸಿ ಗಾದಿಯ ಮೇಲೆ ಕೂತಿದ್ದರು.

"ಏನವಾ, ಇವತ್ತು ಮಕ್ತಲಕ್ಕ ಹೋಗಾಕಿಲ್ಲೇನು?"

"ಒಂದು ಮಾತೈತ್ರಿ. ಬೋಣಿ ಆಗಲಿ."

ದಿನದ ಮೊದಲ ವ್ಯಾಪಾರ ಆಗುವ ತನಕ ಅಂಗಡಿಯಲ್ಲಿ ಕೆಟ್ಟ ಮಾತು ಆಡುವಂತಿಲ್ಲ. ಸರಿ, ಕೂತೆವು. ಆ ದಿನ ಬೀದಿಯಲ್ಲಿ ನಾಯಿಯೂ ಸುಳಿಯಲಿಲ್ಲ. ಒಬ್ಬಳು ಬಂದಳು, ದಾರಿ ಕೇಳಿ ಹೋದಳು. ಬಿಸಿಲು ಅಂಗಡಿಯ ಕಟ್ಟೆ ಏರಿತು. ಸಾವಕಾರರು ಎರಡು ಸಲ ನಶ್ಯ ಏರಿಸಿದರು. ನನಗೆ ತಡೆಯಲಾಗಲಿಲ್ಲ. ಗಂಟು ಬಿಚ್ಚಿ ತಳದಿಂದ ಕುಂಕುಮ ಸೀರೆ ಎಳೆದು ಅವರ ಮುಂದಿಟ್ಟೆ.

"ಇದು ಉಟ್ಟ ಸೀರಿ ಐತ್ರಿ. ಆಕ್ಷನ್ ಆದ ವಾರ ನಾನ ಉಟ್ಟೀನಿ. ಹೊಸಾದಂತ ಯಾರಿಗೂ ಕೊಡಬ್ಯಾಡ್ರಿ. ಇನ್ನ ಏನರ ಅನ್ರಿ, ನಾ ಕೆಲಸ ಬಿಡ್ತೀನಿ."

ಸಾವಕಾರರು ಸೀರೆಯನ್ನು ಮುಟ್ಟಲೂ ಇಲ್ಲ.

"ಗೊತ್ತೈತಿ" ಎಂದರು.

"ಏನು ಗೊತ್ತೈತ್ರಿ?"

"ನಲವತ್ತು ವರ್ಷ ಸೀರಿ ಮಡಚೀನಿ ನಾನು. ನಿರಿಗಿ ಹಿಡದ ಗೆರಿ ಗೊತ್ತಾಗಂಗಿಲ್ಲೇನು? ಅವತ್ತ ಬಿಡಿಸಿದ ಕೂಡ್ಲೆ ಕಂಡಿತ್ತು."

"ಮತ್ತ ಅವತ್ತ ಯಾಕ ಕೇಳ್ಲಿಲ್ಲ?"

"ಬೇಕಂತನ ನಿನ್ನ ಗಂಟಿನಾಗ ಹಾಕಿದೆ, ಯಾರಿಗೆ ಮಾರ್ತಿ ನೋಡೋಣಂತ. ಕಳ್ಳಿ ಆಗಿದ್ರ ಮೊದಲನೇ ಮನ್ಯಾಗ ಮಾರಿ ಕೈ ತೊಳಕೊಂತಿದ್ದಿ. ನೀ ಒಂದೂವರಿ ವರ್ಷ ಹೊತ್ತಿ. ಅವತ್ತಿನಿಂದ ನಿನ್ನ ಗಂಟು ನಾ ಎಣಿಸಿಲ್ಲ, ಲಕ್ಷ್ಯ ಮಾಡೀಯೇನು?"

ಮಾಡಿರಲಿಲ್ಲ. ಈಗ ನೆನಪಾಯಿತು, ಹೌದು, ನಾನು ತಿರುಗಿ ಬಂದಾಗಲೆಲ್ಲ ಗಂಟಿನ ಸೀರೆ ಎಣಿಸುತ್ತಿದ್ದವರು ಅದನ್ನು ನಿಲ್ಲಿಸಿದ್ದರು. ನನ್ನ ಕಣ್ಣು ತುಂಬಿತು. ಅದರ ಬೆನ್ನಿಗೇ ಸಿಟ್ಟೂ ಬಂತು.

"ಅಷ್ಟು ನಂಬಿಕಿ ಇದ್ರ ಪಗಾರ ಯಾಕ ಹೆಚ್ಚು ಮಾಡ್ಲಿಲ್ಲ?"

"ಅದು ಬ್ಯಾರೆ ಮಾತು" ಎಂದು ಸಾವಕಾರರು ಮತ್ತೆ ನಶ್ಯದ ಡಬ್ಬಿಗೆ ಕೈ ಹಾಕಿದರು. ನಕ್ಕರೋ ಸೀನಿದರೋ ಗೊತ್ತಾಗಲಿಲ್ಲ. ಶಾಲೆಯ ನೌಕರಿಯ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. "ಹೋಗು. ನನ್ನ ಮೊಮ್ಮಗಳನ್ನೂ ಕರಕೊಂಡು ಹೋಗು. ನಿನ್ನ ಕೈಯಾಗಾದ್ರ ಕಳಸ್ತೀನಿ." ಆಮೇಲೆ ಸೀರೆಯನ್ನು ನನ್ನ ಕಡೆ ಸರಿಸಿದರು. "ಪುಕ್ಕಟ ಅಲ್ಲ. ಮುಂಜಾನಿಂದ ಬೋಣಿ ಆಗಿಲ್ಲ. ಎರಡು ರೂಪಾಯಿ ಕೊಡು."

ಮೂವತ್ತು ರೂಪಾಯಿಗೂ ಹೆಚ್ಚು ಬೆಲೆಯ ಸೀರೆ ಅದು. ನಾನು ಅವರ ಮುಖ ನೋಡಿದೆ.

"ಏನು ನೋಡ್ತಿ? ಉಟ್ಟ ಸೀರಿ ಹಳೇ ಸೀರಿ. ಹಳೇದಕ್ಕ ಹೊಸಾದರ ರೇಟು ಹೇಳಾಕ ನಾನೇನು ಮೋಸಗಾರನೇನು?"

ಕಣ್ಣೊರೆಸಿಕೊಂಡೆ. ಆದರೂ ಹನ್ನೊಂದು ವರ್ಷದ ಚಟ ಬಿಡುತ್ತದೆಯೇ? "ಹಳೇದು ಅಂತೀರಿ, ಎರಡು ರೂಪಾಯಿ ಅಂತೀರಿ. ಒಂದೂವರಿಗೆ ಕೊಡ್ರಿ" ಎಂದೆ. ಸ್ವಲ್ಪ ಜಗ್ಗಾಡಿ ಕೊಟ್ಟರು. ರೂಪಾಯಿಯನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿಕೊಂಡರು.

ಅಂಗಡಿಯ ಹಿಂದಿನ ಕೋಣೆಯಲ್ಲೇ ಉಟ್ಟೆ. ಈ ಸಲ ನಿರಿಗೆಯನ್ನು ಅವಸರವಿಲ್ಲದೆ, ಒಂದರ ಮೇಲೊಂದು ಇಟ್ಟು ಸಿಕ್ಕಿಸಿದೆ. ಶಾಲೆಗೆ ಹೋಗಿ ಅಕ್ಕೋರಿಗೆ ಬರುತ್ತೇನೆಂದು ಹೇಳಿ, ಸರ್ಕಾರದ ಎರಡು ಬಿಳಿ ಸೀರೆ ಕಂಕುಳಲ್ಲಿ ಇಟ್ಟುಕೊಂಡು ಬಜಾರದ ನಡುವೆಯೇ ಮನೆಗೆ ನಡೆದೆ.

ಅತ್ತೆ ಬಾಗಿಲಲ್ಲಿ ಕಾಳು ಹಸನು ಮಾಡುತ್ತಿದ್ದಳು. ಬಣ್ಣ ಕಂಡು ಮೊರ ಬದಿಗಿಟ್ಟು ಎದ್ದಳು.

"ಬರ್ರಿ ಅವ್ವಾ, ಬರ್ರಿ. ಹಿಂದೊಮ್ಮಿ ಬಂದಿದ್ರಿ, ನೀರು ಕುಡೀದ ಹ್ವಾದ್ರಿ. ಅವತ್ತಿನಿಂದ ನನ್ನ ಮನಸ್ಸಿಗೆ ಸಮಾಧಾನ ಇಲ್ಲ." ಚಾಪೆ ಹಾಸಿದಳು. ತಡಕಾಡಿ ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ಎರಡೂ ಕೈಯಿಂದ ಚಾಚಿದಳು.

"ಅತ್ತಿ, ನಾನು ಉರುಕುಂದಿ. ಅವತ್ತೂ ನಾನ."

ಅವಳು ಚೊಂಬು ಹಿಡಿದೇ ನಿಂತಳು. ಒಂದು ಕೈ ಚಾಚಿ ನನ್ನ ನಿರಿಗೆ ಮುಟ್ಟಿದಳು, ದಡಿಯನ್ನು ಬೆರಳಿನಲ್ಲಿ ತಿಕ್ಕಿ ನೋಡಿದಳು, ಕಂಕುಳಲ್ಲಿದ್ದ ಬಿಳಿ ಬಟ್ಟೆಯನ್ನೂ ಮುಟ್ಟಿದಳು. ಈಗ ಬೈಗುಳ ಬರುತ್ತದೆ ಎಂದು ನಾನು ಹಲ್ಲು ಕಚ್ಚಿದೆ.

"ಅದನ್ನ ಸಾಲಿಗೆ ಉಡು, ಇದನ್ನ ಮನ್ಯಾಗ ಉಡು" ಎಂದಳು. ಚೊಂಬನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಕುಂದರು. ನೀರು ಕುಡಿ. ರೊಟ್ಟಿ ನಾ ಬಡಿತೀನಿ."

ಹದಿನೈದು ವರ್ಷ ಆ ಮನೆಯಲ್ಲಿ ರೊಟ್ಟಿ ಬಡಿದಿದ್ದೆ, ಆ ಚೊಂಬಿನಲ್ಲಿ ನೀರು ಕುಡಿದಿರಲಿಲ್ಲ. ಚಾಪೆಯ ಮೇಲೆ ನಿರಿಗೆ ಸರಿಮಾಡಿಕೊಂಡು ಕೂತೆ, ಗಟಗಟ ಕುಡಿದೆ.