ಗೆದ್ದಲು ಮುಟ್ಟದ ಹಲಗೆ

ಸೊಪ್ಪಿನ ಮಡಿಯ ಸುತ್ತ ಹಲಗೆಗಳನ್ನು ನಿಲ್ಲಿಸಿ ತಿಂಗಳಾಗಿತ್ತು. ಅವಕ್ಕೆ ಆಸರೆಯಾಗಿ ಹೊಡೆದಿದ್ದ ಬಿದಿರಿನ ಗೂಟಗಳನ್ನು ಗೆದ್ದಲು ಆಗಲೇ ಅರ್ಧ ತಿಂದಿತ್ತು. ಹಲಗೆಯನ್ನು ಮಾತ್ರ ಮೂಸಿಯೂ ನೋಡಿರಲಿಲ್ಲ. ಉಷಾರಾಣಿಯ ಕಣ್ಣು ಅಲ್ಲೇ ನಿಂತಿತು.

ಬಬ್ಬೂರಿನ ಆ ಮನೆಯ ಹಿತ್ತಲು ಬರೀ ಚೌಳು. ಬೀಜ ಹಾಕಿದರೆ ಮೊಳೆತದ್ದೂ ಕರಗಿಹೋಗುತ್ತಿತ್ತು. ಮಗಳು ಮೌನಿಕಾಗೆ ರಕ್ತ ಕಡಿಮೆ, ದಿನಾ ಸೊಪ್ಪು ತಿನ್ನಿಸಿ ಎಂದು ನರ್ಸಮ್ಮ ಹೇಳಿದ್ದೇ ತಡ, ಮಾವ ದೊಡ್ಡತಿಮ್ಮಪ್ಪ ಹಳೇ ಮನೆಯ ಅಟ್ಟದ ಹಲಗೆಗಳನ್ನು ತಂದು, ಮೊಣಕಾಲೆತ್ತರದ ಚೌಕಟ್ಟು ಕಟ್ಟಿ, ಕೆರೆಮಣ್ಣು, ಗೊಬ್ಬರ ತುಂಬಿ ಮಡಿ ಮಾಡಿದ್ದರು. ಇವತ್ತು ಮೊದಲ ಕೊಯ್ಲು. ಅತ್ತೆ ಏಕಾಂತಮ್ಮ ಈಳಿಗೆಮಣೆ ಮುಂದೆ ಕೂತಿದ್ದರು. ಮೌನಿಕಾ ಹರಿವೆ ಸೊಪ್ಪನ್ನು ಎದೆಗವಚಿಕೊಂಡು ಓಡೋಡಿ ತಂದು ಸುರಿಯುತ್ತಿದ್ದಳು.

"ಮಾವ, ಇದು ಯಾವ ಮರ?"

"ಮಾವಿನದು ಕಣಮ್ಮ. ನಲವತ್ತು ವರ್ಷ ನಮ್ಮ ರಾಗಿ, ಅವರೆ ಹೊತ್ತೈತೆ. ಒಂದು ಗೆದ್ದಲು ಮುಟ್ಟಿಲ್ಲ ನೋಡು!" ದೊಡ್ಡತಿಮ್ಮಪ್ಪ ಹಲಗೆಗೆ ಅಂಗೈ ಬಡಿದರು.

ಇದೇ ಮಾತನ್ನು ಅವರು ತಿಂಗಳಿಂದ ಬಂದವರಿಗೆಲ್ಲ ಹೇಳುತ್ತಿದ್ದರು. ಇವತ್ತು ಅದು ಉಷಾರಾಣಿಗೆ ಮುಳ್ಳಿನಂತೆ ನಾಟಿತು. ಮೆದು ಮರ ಮಾವು; ಅದರ ಹಲಗೆ ಗೆದ್ದಲಿರುವ ಈ ಮಣ್ಣಿನಲ್ಲಿ ಉಳಿಯುವುದುಂಟೇ? ಕೇಳಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡಳು. ಹಾಲನ್ನು ಎರಡೆರಡು ಸಲ ಮೂಸುವವಳು ಎಂದು ಮನೆಯಲ್ಲಿ ಮೊದಲೇ ನಗುತ್ತಿದ್ದರು. ಈಳಿಗೆಯ ಕೆಳಗೆ ಸೊಪ್ಪು ರಾಶಿಯಾಗುತ್ತಿತ್ತು.

"ಅತ್ತೆ, ಆ ಅಟ್ಟಕ್ಕೆ ಏನಾದರೂ ಹಾಕ್ತಿದ್ರಾ?"

"ಹುಳ ಬರ್ದಂಗೆ ಬಿಳೀ ಪುಡಿ. ವರ್ಷಾ ವರ್ಷಾ ನಾನೇ ಬಟ್ಟೇಲಿ ಉಜ್ಜುತ್ತಿದ್ದೆ. ಏನು ಘಾಟು ಅಂತೀಯ!"

ಅಂಥ ಪುಡಿಗಳ ಮಾರಾಟವನ್ನೇ ವಿಷವೆಂದು ಸರ್ಕಾರ ಆಮೇಲೆ ನಿಲ್ಲಿಸಿದ್ದನ್ನು, ಅವು ಮರದಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಕೂತಿರುವುದನ್ನು ಉಷಾರಾಣಿ ಕಾಲೇಜಿನಲ್ಲಿ ಓದಿದ್ದಳು.

"ಆ ಸೊಪ್ಪು ಬೇಯಿಸೋದು ಬೇಡ ಅತ್ತೆ. ಹಲಗೇಲಿ ಆ ಪುಡಿ ಇನ್ನೂ ಇರುತ್ತೆ. ಮಣ್ಣಿಗೂ ಇಳಿದಿರುತ್ತೆ."

ದೊಡ್ಡತಿಮ್ಮಪ್ಪನ ಮುಖ ಕೆಂಪಾಯಿತು. "ಏನು ಮಾತಮ್ಮ ಇದು? ಅದೇ ಅಟ್ಟದ ಕಾಳು ತಿಂದು ನಾವು ಬದುಕಿಲ್ವಾ? ನಿನ್ನ ಗಂಡ ಬೆಳೆದಿಲ್ವಾ?"

ಏಕಾಂತಮ್ಮ ಈಳಿಗೆಯಿಂದ ಕೈ ತೆಗೆದರು.

"ಅಲ್ರೀ, ಒಂದ್ಸಲ ಆ ಅಟ್ಟದ ಕೆಳಗೆ ಏಳು ಕೋಳಿಮರಿ ಸತ್ತವಲ್ಲ, ನೆಪ್ಪೈತಾ? ಅವತ್ತಿಂದ ಪುಡಿ ಉಜ್ಜಿದ ದಿನ ಮರಿಗಳ್ನ ಆ ಕಡೆ ಬಿಡಬ್ಯಾಡ ಅಂತ ಕೋಲು ಹಿಡ್ಕೊಂಡು ಕುಂತಿರ್ತಿದ್ದೋರು ಯಾರು?"

ದೊಡ್ಡತಿಮ್ಮಪ್ಪ ಹಲಗೆಯಿಂದ ಅಂಗೈ ಹಿಂದಕ್ಕೆ ತೆಗೆದರು.

"ಕೋಳಿಮರಿಗಿದ್ದ ನಿಗಾ ಮೊಮ್ಮಗಳಿಗೆ ಬ್ಯಾಡ್ವಾ?"

ದೊಡ್ಡತಿಮ್ಮಪ್ಪ ಹೆಗಲ ಟವೆಲ್ ಕೊಡವಿ ಎದ್ದರು. ಹಾರೆ ತಂದು, ತಾವೇ ಹೊಡೆದ ಮೊಳೆಗಳನ್ನು ಒಂದೊಂದಾಗಿ ಮೀಟಿದರು. ತಾನು ತಂದ ಸೊಪ್ಪೆಲ್ಲ ಹೋಯಿತೆಂದು ಮೌನಿಕಾ ಅಳತೊಡಗಿದಳು. ಬಿಚ್ಚಿದ ಹಲಗೆಯನ್ನು ಅವರು ಬಚ್ಚಲ ಒಲೆಯ ಕಡೆ ಎಳೆಯುವುದನ್ನು ಕಂಡು ಉಷಾರಾಣಿ ಅಡ್ಡ ಬಂದಳು.

"ಸುಡಬೇಡ್ರಿ ಮಾವ. ಹೊಗೇಲೂ ಆ ವಿಷ ಬರುತ್ತೆ."

"ಇದನ್ನ ತಲೆ ಮ್ಯಾಲೆ ಇಟ್ಕಂಡು ತಿರುಗ್ಲಾ ಹಂಗಾದ್ರೆ?" ಎಂದು ಗದರಿದರೂ ಹಲಗೆಯನ್ನು ಕೆಳಗಿಟ್ಟರು.

ಸಂಜೆಗೆ ಅವರು ಕೊಟ್ಟಿಗೆಯ ಹಿಂದೆ ನಿಂತಿದ್ದ ಹಳೇ ಎತ್ತಿನ ಗಾಡಿಯ ಜಾಲಿ ಮರದ ಹಲಗೆಗಳನ್ನು ಕಿತ್ತು ತಂದು ಸೊಸೆಯ ಮುಂದೆ ಹಾಕಿದರು. ಯಾರು ಕೇಳಿದರೂ ಕೊಡದೆ ಇಟ್ಟುಕೊಂಡಿದ್ದ ಗಾಡಿ ಅದು.

"ಬಣ್ಣ ಇಲ್ಲ, ಎಣ್ಣೆ ಇಲ್ಲ, ಪುಡಿ ಇಲ್ಲ. ಸಗಣಿ ಗೊಬ್ಬರ ಹೊತ್ತಿದ್ದು ಅಷ್ಟೇ. ನೋಡ್ಕಳಮ್ಮ."

ಉಷಾರಾಣಿ ಕೂತು ಒಂದೊಂದನ್ನೇ ತಿರುಗಿಸಿದಳು, ಮೂಸಿದಳು, ಉಗುರಿನಿಂದ ಕೆರೆದಳು. ಮೂರನೆಯದರ ಅಂಚಿನಲ್ಲಿ ಮಣ್ಣು ಮೆತ್ತಿದ ತೂತೊಂದು ಸಿಕ್ಕಿತು.

"ಮಾವ, ಇಲ್ಲಿ ಗೆದ್ದಲು ತಿಂದಿದೆ!"

"ಗೆದ್ದಲು ಕಂಡು ಕುಣಿಯೋ ಸೊಸೇನ ಇವತ್ತೇ ನೋಡಿದ್ದು," ಎಂದು ಏಕಾಂತಮ್ಮ ನಕ್ಕರು. ಮಾವನೂ ನಕ್ಕರು.

ಉಷಾರಾಣಿ ಅಷ್ಟರಲ್ಲಿ ಎದ್ದಾಗಿತ್ತು. ಹಳೇ ಮಡಿಯ ಮಣ್ಣು ಹಿತ್ತಲಲ್ಲೇ ಗುಡ್ಡೆ ಬಿದ್ದಿತ್ತು. ಅದರ ಮೇಲೆ ಗೋಣಿಚೀಲ ಹೊದಿಸಿ, ಸುತ್ತ ಕಲ್ಲಿಟ್ಟು, ಆ ಸೊಪ್ಪು ಹಿಡಿದಿದ್ದ ಮೌನಿಕಾಳ ಕೈಯನ್ನು ನಾಲ್ಕನೇ ಸಲ ತೊಳೆಯಲು ನಲ್ಲಿಯ ಕಡೆ ಕರೆದೊಯ್ದಳು.